ಕೆಸರಿನ ರೆಕ್ಕೆ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಭಾನುವಾರ ಗ್ರೈಂಡರ್ ಹಚ್ಚುವ ಹಾಗಿಲ್ಲ, ಸುತ್ತಿಗೆ ಎತ್ತುವ ಹಾಗಿಲ್ಲ. ಗೋಡೆಗೆ ಮೊಳೆ ಹೊಡೆದರೂ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ವಾರಕ್ಕೊಂದು ದಿನ ಊರಿಗೆ ಊರೇ ಸುಮ್ಮನಿರಬೇಕು ಎನ್ನುವುದು ಅಲ್ಲಿನ ಕಟ್ಟಳೆ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನಲವತ್ತು ವರ್ಷ ಟಿಂಕರಿಂಗ್ ಗ್ಯಾರೇಜ್ ನಡೆಸಿ, ತಗಡು ಬಡಿಯುವ ಸದ್ದಿನಲ್ಲೇ ಊಟ ಮಾಡಿ, ಆ ಸದ್ದಿನಲ್ಲೇ ಕಣ್ಣು ಮುಚ್ಚಿ ಒರಗುತ್ತಿದ್ದವನು ನಾನು. ಮಗನ ಮನೆಗೆ ಹೋದ ಮೊದಲ ಭಾನುವಾರ ಕಿವಿಯೇ ಕೆಟ್ಟಿತೇನೋ ಅನ್ನಿಸಿಬಿಟ್ಟಿತ್ತು.

ಊರು ಚೆನ್ನಾಗಿದೆ. ಬೋಗುಣಿಯಂಥ ತಗ್ಗು, ಸುತ್ತ ಗುಡ್ಡ. ಊರ ನಡುವಿನ ಇಳಿಜಾರಿನಲ್ಲೂ ದ್ರಾಕ್ಷಿ ತೋಟಗಳು. ಒಂದು ಬೀದಿಯಿಂದ ಮೇಲಿನ ಬೀದಿಗೆ ಹತ್ತಲು ಕಲ್ಲಿನ ಮೆಟ್ಟಿಲ ಸಾಲು. ಅಂಥವು ಊರಲ್ಲಿ ನಾನೂರಕ್ಕೂ ಹೆಚ್ಚಿವೆಯಂತೆ. ನನ್ನ ಮೊಣಕಾಲಿಗೆ ಮೂರು ಸಾಕಾದವು. ಇನ್ನೊಂದು ವಿಶೇಷ ಹೇಳಬೇಕು. ಒಂದೇ ಕಟ್ಟಡದಲ್ಲಿರುವ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ. ನಮ್ಮ ಮನೆಯವಳಿಗೆ ಈ ಪದ್ಧತಿ ಎಷ್ಟು ಹಿಡಿಸಿತೆಂದರೆ, ಸರದಿ ಇಲ್ಲದ ವಾರವೂ ಗುಡಿಸಿ ಕೆಳಗಿನ ಮನೆಯಾಕೆಗೆ ಮುಜುಗರ ಮಾಡಿದಳು.

ಆ ಶನಿವಾರ ಮಗ ನಮ್ಮನ್ನು ಟ್ಯೂಬಿಂಗೆನ್‌ಗೆ ಕರೆದೊಯ್ಯುವವನಿದ್ದ. ಕನ್ನಡಕ್ಕೆ ದೊಡ್ಡ ನಿಘಂಟು ಕಟ್ಟಿಕೊಟ್ಟ ಕಿಟೆಲ್ ಅವರು 1903ರಲ್ಲಿ ತೀರಿಕೊಂಡ ಊರು ಅದು. ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ, ಹಿಂದಿನ ಬೀದಿಯಿಂದ ಕಟಿಂಗ್ ವೀಲ್ ತಗಡಿಗೆ ತಾಗಿದ ಸದ್ದು ಕೇಳಿತು. ಆರು ವರ್ಷದಿಂದ ಕೇಳದ ಸದ್ದು. ಕಾಲು ತಾನಾಗಿ ಆ ಕಡೆ ನಡೆಯಿತು. ಹತ್ತು ವರ್ಷದ ಮೊಮ್ಮಗ, ನಮ್ಮ ಪುಟ್ಟ, ಹಿಂದೆಯೇ ಓಡಿಬಂದ.

ಸಾಲಾಗಿ ಬಾಡಿಗೆ ಗ್ಯಾರೇಜುಗಳು. ಒಂದರ ಬಾಗಿಲು ತೆರೆದಿತ್ತು. ಒಳಗೆ ಬಿಳಿ ಕೂದಲಿನ ಹಿರಿಯರೊಬ್ಬರು ಹಳೆಯ ಮಡ್‌ಗಾರ್ಡ್ ತುಂಡು ಕತ್ತರಿಸುತ್ತಿದ್ದರು. ಅವರ ಹಿಂದೆ ಗಾಜು, ಸೀಟು, ಬಂಪರ್ ಯಾವುದೂ ಇಲ್ಲದೆ ನಿಂತಿತ್ತು ಒಂದು ಪೋರ್ಷೆ 911. 1973ರದು. ಪುಟ್ಟ ಜರ್ಮನ್‌ನಲ್ಲಿ ಏನೋ ಹೇಳಿದ. ಅವರು ಕನ್ನಡಕ ಮೇಲೆ ಸರಿಸಿ ನನ್ನ ಮುಖ ನೋಡುವ ಮೊದಲು ಕೈ ನೋಡಿದರು. ನನ್ನ ಬೆರಳುಗಳ ಮೇಲಿನ ಸುಟ್ಟ ಚುಕ್ಕೆಗಳು ಇನ್ನೂ ಮಾಸಿಲ್ಲ. ನಕ್ಕು, ಒಂದು ಸ್ಟೂಲು ಎಳೆದು ಹಾಕಿದರು. ಟ್ಯೂಬಿಂಗೆನ್ ಅಲ್ಲಿಗೆ ಮುಗಿಯಿತು.

ಅವರು ಗಣಿತದ ಮೇಷ್ಟ್ರಾಗಿದ್ದವರು. ಈಗ ನಿವೃತ್ತರು. ಮಡ್‌ಗಾರ್ಡಿಗೆ ಜರ್ಮನ್‌ನಲ್ಲಿ ‘ಕೋಟ್‌ಫ್ಲ್ಯೂಗೆಲ್’ ಅನ್ನುತ್ತಾರಂತೆ. ಪುಟ್ಟ ತಲೆ ಕೆರೆದುಕೊಂಡು ಬಿಡಿಸಿ ಹೇಳಿದ: "ಕೆಸರಿನ ರೆಕ್ಕೆ, ಅಜ್ಜ." ಆ ರೆಕ್ಕೆಯನ್ನು ಅಗಲ ಮಾಡುವುದೇ ಮೇಷ್ಟ್ರ ಕೆಲಸ. ಚಕ್ರದ ಮೇಲೆ ಬರುವ ಕಮಾನಿನ ಅಂಚು ಕತ್ತರಿಸಿ ತೆಗೆದು, ಹೊರಗೆ ಉಬ್ಬಿದ ಉಕ್ಕಿನ ಹೊಸ ಕಮಾನನ್ನು ವೆಲ್ಡ್ ಮಾಡಿ ಕೂರಿಸುವುದು. ರಾತ್ರಿ ಇದನ್ನು ವಿವರಿಸಿದರೆ ನಮ್ಮ ಮನೆಯವಳು, "ರವಿಕೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡ್ತೀವಲ್ಲ, ಅಷ್ಟೇ ತಾನೆ?" ಅಂದಳು. ಅಷ್ಟೇ. ಆದರೆ ರವಿಕೆಗೆ ಒಳಗೆ ಬಟ್ಟೆ ಬಿಟ್ಟಿರುತ್ತಾರೆ, ಕಾರಿಗೆ ಬಿಟ್ಟಿರುವುದಿಲ್ಲ.

ಯಾಕೆ ಅಗಲ ಮಾಡಬೇಕು? ಅದು ತಿಳಿಯಲು ನಾನೂ ಪುಟ್ಟನೂ ಎಸ್6 ರೈಲು ಹತ್ತಿ ಪೋರ್ಷೆ ಮ್ಯೂಸಿಯಮ್ಮಿಗೆ ಹೋದೆವು. ನಿಲ್ದಾಣದಿಂದ ಹೊರಬಂದರೆ ಎದುರಿಗೇ ಇದೆ. 2009ರಲ್ಲಿ ತೆರೆದದ್ದು. ಕೆಲವೇ ಕಂಬಗಳ ಮೇಲೆ ಭಾರೀ ಬಿಳಿ ಪೆಟ್ಟಿಗೆ ಎತ್ತಿಟ್ಟ ಹಾಗಿದೆ. 911 ಮೊದಲು ಜನರ ಕಣ್ಣಿಗೆ ಬಿದ್ದದ್ದು 1963ರಲ್ಲಿ, ಆಗ ಅದರ ಹೆಸರು 901. ನಡುವೆ ಸೊನ್ನೆ ಬರುವ ಮೂರಂಕಿ ಹೆಸರು ತಮ್ಮದು ಎಂದು ಫ್ರಾನ್ಸಿನ ಪ್ಯೂಜೊ ಕಂಪನಿ ತಕರಾರು ತೆಗೆಯಿತು. ಸೊನ್ನೆ ಹೋಗಿ ಒಂದು ಬಂತು. ಈ ಕಾರಿನ ಎಂಜಿನ್ ಇರುವುದು ಹಿಂದಿನ ಚಕ್ರಗಳಿಗೂ ಹಿಂದೆ, ಪೆಟ್ರೋಲ್ ಟ್ಯಾಂಕ್ ಮುಂದೆ. ಬಾಲದಲ್ಲಿ ಭಾರ ಹೊತ್ತ ಗಾಡಿ ತಿರುವಿನಲ್ಲಿ ಹಿಂದಿನಿಂದ ಜಾರಲು ನೋಡುತ್ತದೆ. ಅದಕ್ಕೆ 1972ರಲ್ಲಿ ಬಂದ ಕರೇರಾ ಆರ್‌ಎಸ್ ಎಂಬ ಮಾದರಿಗೆ ಮುಂದೆ 6 ಇಂಚಿನ ರಿಮ್, ಹಿಂದೆ 7 ಇಂಚಿನ ರಿಮ್ ಹಾಕಿದರು. ಟೈರು ಅಗಲವಾದಷ್ಟೂ ರಸ್ತೆಯ ಹಿಡಿತ ಹೆಚ್ಚು. ಟೈರು ಅಗಲವಾದ ಮೇಲೆ ರೆಕ್ಕೆಯೂ ಅಗಲವಾಗಬೇಕು. ಐನೂರು ಮಾಡಿದರೆ ಸಾಕೆಂದುಕೊಂಡದ್ದು ಕೊನೆಗೆ 1,580 ಆಯಿತು. ಅದರ ಅಣ್ಣನಂಥ ಇನ್ನೂ ಅಗಲದ ಪಂದ್ಯದ ಕಾರು 1973ರಲ್ಲಿ ಸಿಸಿಲಿ ದ್ವೀಪದ ಬೆಟ್ಟದ ರಸ್ತೆಗಳಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೊ ಓಟ ಗೆದ್ದಿತು. ಆಗ ಮೇಷ್ಟ್ರಿಗೆ ಇಪ್ಪತ್ತರ ಮೇಲೆ ಮೂರೋ ನಾಲ್ಕೋ. ಆ ಕಾರಿನ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದರು. ಹಳದಿಯಾದ ಆ ತುಂಡು ಗ್ಯಾರೇಜಿನ ಗೋಡೆಯಲ್ಲಿ ಇನ್ನೂ ಇತ್ತು.

ಮ್ಯೂಸಿಯಮ್ಮಿನಿಂದ ವಾಪಸು ಬರುವಾಗ ಪುಟ್ಟ ಕೇಳಿದ, "ಅಜ್ಜ, ನೀನು ಆಟೊಮೊಬೈಲ್ ಫೀಲ್ಡ್‌ನಲ್ಲಿ ಏನು ಮಾಡ್ತಿದ್ದೆ?"

ಆ ಮಾತು ಮಗನದು. ಅಲ್ಲಿ ಯಾರು ಕೇಳಿದರೂ ಮಗ ಹಾಗೆಯೇ ಹೇಳುತ್ತಾನೆ, ಸುಳ್ಳೇನಲ್ಲ. ಆದರೆ ‘ಟಿಂಕರ್’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. "ಗುದ್ದಿಸಿಕೊಂಡು ಬಂದ ಅಂಬಾಸಿಡರ್, ಫಿಯೆಟ್, ಮೆಟಡಾರ್‌ಗಳನ್ನು ಸುತ್ತಿಗೆಯಲ್ಲಿ ಬಡಿದು ಮೊದಲಿನ ಹಾಗೆ ಮಾಡ್ತಿದ್ದೆ" ಅಂದೆ. ಪುಟ್ಟ ಸ್ವಲ್ಪ ಹೊತ್ತು ಯೋಚಿಸಿ, "ಮೇಷ್ಟ್ರ ಹಾಗಾ?" ಅಂದ. "ಮೇಷ್ಟ್ರು ನನ್ನ ಹಾಗೆ" ಅಂದೆ.

ಕತ್ತರಿಸುವುದಕ್ಕೆ ಮೊದಲು ಕಾಗದದ ಕೆಲಸ. ನಮ್ಮಲ್ಲಾದರೆ ಗಿರಾಕಿ ಹೇಳಿದ, ನಾವು ಕತ್ತರಿಸಿದೆವು. ಅಲ್ಲಿ ಗಾಡಿಯ ಮೈ ಬದಲಿಸಿದರೆ ತಪಾಸಣೆಯ ಎಂಜಿನಿಯರ್ ನೋಡಿ ಒಪ್ಪಬೇಕು, ದಾಖಲೆಯಲ್ಲಿ ಬರೆಯಬೇಕು. ಟೈರು ಮೈಯಿಂದ ಹೊರಗೆ ಇಣುಕಬಾರದು. ಮೇಷ್ಟ್ರು ಅಳತೆ, ಚಿತ್ರ ಎಲ್ಲ ಮೊದಲೇ ತೋರಿಸಿ ಬಂದಿದ್ದರು. ಆದರೂ ಅವರ ಗೆಳೆಯರೊಬ್ಬರು ಬಂದು, ಐವತ್ತು ವರ್ಷ ಉಳಿದ ಮೂಲ ತಗಡನ್ನು ಕತ್ತರಿಸುವುದು ಪಾಪ, ಬೆಲೆಯೂ ಬಿದ್ದುಹೋಗುತ್ತದೆ ಎಂದು ಬೈದು ಹೋದರಂತೆ. ಅವರ ಮಾತು ಪೂರ್ತಿ ತಪ್ಪಲ್ಲ. ಕತ್ತರಿಸಿದ್ದನ್ನು ಮತ್ತೆ ತರಲಾಗುವುದಿಲ್ಲ. ನಾನು ಕಮಾನಿನ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದೆ, ಹಪ್ಪಳ ಮುರಿದಂತೆ ಒಳಗೆ ಹೋಯಿತು. ಪೋರ್ಷೆಯವರು ತುಕ್ಕು ತಡೆಯಲು ಸತು ಲೇಪಿಸಿದ ತಗಡಿಗೆ ಬಂದದ್ದು 1975ರಲ್ಲಿ. ಇದು ಅದಕ್ಕಿಂತ ಎರಡು ವರ್ಷ ಮೊದಲಿನ ಗಾಡಿ. ಮೂಲದ್ದನ್ನು ತುಕ್ಕು ಆಗಲೇ ತಿಂದಾಗಿತ್ತು. ನನ್ನ ಲೆಕ್ಕದಲ್ಲಿ ವಾದ ಅಲ್ಲಿಗೆ ಮುಗಿಯಿತು.

ಮುಂದಿನ ಎರಡು ಮಡ್‌ಗಾರ್ಡ್ ಸುಲಭ. ಬೋಲ್ಟ್ ಬಿಚ್ಚಿದರೆ ಕಳಚಿ ಬರುತ್ತವೆ, ಮೇಜಿನ ಮೇಲಿಟ್ಟು ಕೆಲಸ ಮಾಡಬಹುದು. ಹಿಂದಿನವು ಕಾರಿನ ಮೈಗೇ ಬೆಸೆದುಕೊಂಡಿವೆ, ಇದ್ದಲ್ಲೇ ಮಾಡಬೇಕು. ಬಲಗಡೆ ಹಿಂದಿನ ಚಕ್ರದ ಪಕ್ಕದಲ್ಲೇ ಎಂಜಿನ್ ಆಯಿಲ್ಲಿನ ಟ್ಯಾಂಕ್ ಬೇರೆ. ಅದನ್ನೂ ಪೆಟ್ರೋಲ್ ಟ್ಯಾಂಕನ್ನೂ ಬ್ಯಾಟರಿಯನ್ನೂ ತೆಗೆದು ಹೊರಗಿಟ್ಟಿದ್ದರು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಪಕ್ಕದಲ್ಲಿ ಕಾವಲಿಗಿತ್ತು.

ಹೊಸ ಕಮಾನನ್ನು ಕ್ಲ್ಯಾಂಪ್ ಹಾಕಿ ಕೂರಿಸಿ, ಚಕ್ರ ಇಟ್ಟು ನೋಡಿ, ಗೆರೆ ಎಳೆದು, ಗೆರೆಯ ಮೇಲೆ ಕತ್ತರಿಸಿದ್ದಾಯಿತು. ಹಳೆಯದಕ್ಕೂ ಹೊಸದಕ್ಕೂ ನಡುವೆ ತೆಳ್ಳಗಿನ ಸಂದು. ಇನ್ನು ವೆಲ್ಡಿಂಗ್. ಆಗ ಮೇಷ್ಟ್ರು ವೆಲ್ಡಿಂಗ್ ಗನ್ ಹಿಡಿದರು, ಅದರ ತುದಿ ಗಾಳಿಗೆ ಸಿಕ್ಕ ಎಲೆಯಂತೆ ಅಲುಗಿತು. ಕೈ ನಡುಗುವ ಕಾಯಿಲೆ. ಗುಜರಿ ತುಂಡುಗಳ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು, ಮೂಲೆಯಲ್ಲಿ ರಾಶಿ ಬಿದ್ದಿತ್ತು, ಎಲ್ಲದರಲ್ಲೂ ತೂತು. ಗನ್ ಕೆಳಗಿಟ್ಟು ನನ್ನ ಕಡೆ ನೋಡಿದರು. ಪುಟ್ಟನ ಅನುವಾದ ಬೇಕಾಗಲಿಲ್ಲ.

ನಿಜ ಹೇಳಬೇಕೆಂದರೆ ಹೆದರಿಕೆಯಾಯಿತು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದೇನೆ. ಈ ತಂತಿ ಓಡುವ ವೆಲ್ಡಿಂಗ್, ನಮ್ಮ ಕಡೆ ಸಿ.ಓ. ಟೂ ಅನ್ನುತ್ತೇವೆ, ನನ್ನ ಗ್ಯಾರೇಜಿಗೆ ಬಂದದ್ದು ಕೊನೆಯ ಕೆಲವು ವರ್ಷಗಳಲ್ಲಿ. ಅದಕ್ಕೆ ಮೊದಲೆಲ್ಲ ಗ್ಯಾಸ್. ತಗಡಿನ ದಪ್ಪ ಸುಮಾರು ಒಂದು ಮಿಲಿಮೀಟರ್, ಕ್ಷಣ ಹೆಚ್ಚಾದರೆ ಕರಗಿ ತೂತು. ಹಾಳಾದರೆ ನನ್ನ ಊರಲ್ಲ, ನನ್ನ ಗಾಡಿಯಲ್ಲ, ಮಗನ ನೆರೆಮನೆಯವರದು.

ಮುಖವಾಡ ಹಾಕಿಕೊಂಡೆ. ಕಿಡಿ ಹತ್ತಿದೊಡನೆ ಗಾಜು ತಾನೇ ಕಪ್ಪಾಗುತ್ತದೆ. ನಮ್ಮ ಕಾಲದಲ್ಲಿ ಒಂದು ಕರಿ ಗಾಜು, ಅದೂ ಒಮ್ಮೊಮ್ಮೆ ಸಿಗದೆ ಬರಿಗಣ್ಣು. ರಾತ್ರಿ ಕಣ್ಣಿಗೆ ಮರಳು ಎರಚಿದಂಥ ಉರಿ. ಮಕ್ಕಳೇ, ರಸ್ತೆ ಬದಿಯಲ್ಲಿ ವೆಲ್ಡಿಂಗ್ ಕಂಡರೆ ಆ ಬೆಳಕನ್ನು ನೋಡುತ್ತ ನಿಲ್ಲಬೇಡಿ. ಪುಟ್ಟನನ್ನೂ ಬಾಗಿಲಾಚೆ, ಬೆನ್ನು ಮಾಡಿಸಿ ನಿಲ್ಲಿಸಿದ್ದೆ.

ತೆಳು ತಗಡಿಗೆ ಒಂದೇ ಗೆರೆಯಲ್ಲಿ ವೆಲ್ಡ್ ಎಳೆದರೆ ಕಾವಿಗೆ ಅದು ಒಣಗಿದ ಬಾಳೆಲೆಯಂತೆ ಸುರುಟಿಕೊಳ್ಳುತ್ತದೆ. ರಂಗೋಲಿಗೆ ಮೊದಲು ಚುಕ್ಕಿ ಇಡುವಂತೆ ಇಲ್ಲೊಂದು ಟ್ಯಾಕ್, ಆ ತುದಿಗೊಂದು, ನಡುವೆ ಒಂದು. ಅಂಗೈ ಇಟ್ಟರೆ ಬಿಸಿ ತಾಳುವಷ್ಟು ಆರುವ ತನಕ ಕಾಯಬೇಕು. ಆಮೇಲೆ ಎರಡು ಚುಕ್ಕಿಯ ನಡುವೆ ಇನ್ನೊಂದು. ಹತ್ತು ನಿಮಿಷದಲ್ಲಿ ಎಳೆದುಬಿಡಬಹುದಾದ ಗೆರೆಗೆ ಒಂದಿಡೀ ಶನಿವಾರ. ಕಾಯುವ ಹೊತ್ತಿನಲ್ಲಿ ಮೇಷ್ಟ್ರು ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಕೊಟ್ಟರು, ಗಂಟು ಹಾಕಿದ ಆಕಾರದ ಉಪ್ಪು ರೊಟ್ಟಿ. ದಾವಣಗೆರೆಯವನ ಮುಂದೆ ಬೆಣ್ಣೆಯ ಜಂಬ ಬೇಡ ಎಂದು ಹೇಳಬೇಕೆನ್ನಿಸಿತು. ರುಚಿಯಾಗಿತ್ತು, ಸುಮ್ಮನಾದೆ.

ಮೂರನೆಯ ಟ್ಯಾಕ್‌ನಲ್ಲೇ ತೂತು ಬಿತ್ತು. ಕಡಲೆಕಾಳಿನಷ್ಟು. ಬೆವರು ಇಳಿಯಿತು. ಮೇಷ್ಟ್ರು ಮಾತಾಡಲಿಲ್ಲ. ನಾನು ಪುಟ್ಟನಿಗೆ, "ತಾಮ್ರ ಇದೆಯಾ ಕೇಳು" ಅಂದೆ. ಹಳೆಯ ತಾಮ್ರದ ಪೈಪಿನ ತುಂಡು ಸಿಕ್ಕಿತು. ಚಪ್ಪಟೆ ಬಡಿದು ತೂತಿನ ಹಿಂದೆ ಒತ್ತಿ ಹಿಡಿಸಿ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ತುಂಬಿದೆ. ತಾಮ್ರ ಕಾವನ್ನು ಎಳೆದುಕೊಳ್ಳುತ್ತದೆ, ಉಕ್ಕಿನ ಬೆಸುಗೆ ಅದಕ್ಕೆ ಅಂಟುವುದಿಲ್ಲ. ತೂತು ಮುಚ್ಚಿತು. ಆಮೇಲೆ ಕೈಗೆ ಹಳೆಯ ಲಯ ಬಂತು.

ಆದರೂ ಬೆಸುಗೆ ಆರುವಾಗ ಕುಗ್ಗುತ್ತದೆ, ಕುಗ್ಗಿ ಅಕ್ಕಪಕ್ಕದ ತಗಡನ್ನು ಎಳೆದು ತಗ್ಗು ಮಾಡುತ್ತದೆ. ಅದನ್ನು ಮತ್ತೆ ಹಿಗ್ಗಿಸಬೇಕು: ಒಳಗಿನಿಂದ ಡಾಲಿ, ಅಂದರೆ ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ, ಆನಿಸಿ ಹೊರಗಿನಿಂದ ಸುತ್ತಿಗೆ. ಒಳ ಕಮಾನನ್ನು ಹೊಸ ಅಂಚಿಗೆ ಬಗ್ಗಿಸಿ ಬೆಸೆದು ಮುಚ್ಚುವ ಮೊದಲೇ ಇದು ಆಗಬೇಕು, ಆಮೇಲೆ ಒಳಗೆ ಕೈ ಹೋಗುವುದಿಲ್ಲ. ನನ್ನ ತೋಳು ಅಷ್ಟು ದೂರ ಮುಟ್ಟಲಿಲ್ಲ. ಮೇಷ್ಟ್ರ ಕೈಯಲ್ಲಿ ಡಾಲಿ ನಿಲ್ಲಲಿಲ್ಲ.

ಮಗ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ತೋಳು ಮಡಿಸಿ, ನೆಲದ ಮೇಲೆ ಮಲಗಿ ಚಕ್ರದ ಗೂಡಿನೊಳಗೆ ಕೈ ತೂರಿಸಿ, "ಹೊಡಿಯಪ್ಪ" ಅಂದ. ನಾನು ಸುತ್ತಿಗೆ ಸರಿಸಿದ ಕಡೆಗೆಲ್ಲ ಡಾಲಿಯೂ ಹೇಳದೆ ಸರಿಯಿತು. ಹತ್ತು ವರ್ಷದವನಿದ್ದಾಗ ಶಾಲೆ ಬಿಟ್ಟ ಮೇಲೆ ಗ್ಯಾರೇಜಿಗೆ ಬಂದು ಹೀಗೆಯೇ ಹಿಡಿಯುತ್ತಿದ್ದ. ಡಾಲಿ ಸರಿಯಾಗಿ ಕೂತರೆ ಸದ್ದು ಠಣ್ ಎನ್ನುತ್ತದೆ, ತಪ್ಪಿದರೆ ದಬ್ ಎನ್ನುತ್ತದೆ. ಅರ್ಧ ಗಂಟೆ ಠಣ್ ಬಿಟ್ಟು ಬೇರೆ ಸದ್ದು ಬರಲಿಲ್ಲ.

"ಅಪ್ಪನಿಗೂ ಬರುತ್ತಾ?" ಪುಟ್ಟ ಕೇಳಿದ.

"ನಮ್ಮಪ್ಪ ಟಿಂಕರ್ ಕಣೋ" ಅಂದ ಮಗ, ಕಾರಿನ ಕೆಳಗಿನಿಂದಲೇ. ಅದನ್ನೇ ಮೇಷ್ಟ್ರಿಗೆ ಜರ್ಮನ್‌ನಲ್ಲೂ ಹೇಳಿದ. ಮೇಷ್ಟ್ರು ತಲೆಯಾಡಿಸಿದರು, ಅವರಿಗೆ ಅದು ಮೊದಲ ದಿನವೇ ಗೊತ್ತಿತ್ತು.

ನಾಲ್ಕು ಶನಿವಾರ ಹಿಡಿಯಿತು. ಕೊನೆಯ ವಾರ ಬೂದು ಪ್ರೈಮರ್ ಬಳಿದು ಹೊಸ ಚಕ್ರ ತೊಡಿಸಿದರು. ಟೈರು ರೆಕ್ಕೆಯೊಳಗೆ ಸರಿಯಾಗಿ ಅಡಗಿತು. ಮೇಷ್ಟ್ರು ಒಂದು ಮಾತೂ ಆಡದೆ ಗೋಡೆಯ ಚಿತ್ರವನ್ನೊಮ್ಮೆ, ಕಾರನ್ನೊಮ್ಮೆ ನೋಡುತ್ತಿದ್ದರು. ತಗಡಿನ ಏರುತಗ್ಗು ಕಣ್ಣಿಗೆ ಕಾಣದು, ಕಣ್ಣು ಮುಚ್ಚಿ ಅಂಗೈಯನ್ನು ಹಗುರವಾಗಿ ಓಡಿಸಬೇಕು ಎಂದು ಪುಟ್ಟನಿಗೆ ಕಲಿಸಿದ್ದೆ. ಪುಟ್ಟ ಕಣ್ಣು ಮುಚ್ಚಿ ಹಿಂದಿನ ಕಮಾನಿನ ಮೇಲೆ ಕೈ ಓಡಿಸಿದ. ಒಂದು ಕಡೆ ನಿಲ್ಲಿಸಿದ, ಹಿಂದಕ್ಕೆ ಎಳೆದ, ಮತ್ತೆ ನಿಲ್ಲಿಸಿದ.

"ಅಜ್ಜ, ಇಲ್ಲಿ ಸ್ವಲ್ಪ ತಗ್ಗಿದೆ."

ನಾನೂ ಕಣ್ಣು ಮುಚ್ಚಿ ಕೈ ಇಟ್ಟೆ. ಇತ್ತು, ಆ ಮೂರನೆಯ ಟ್ಯಾಕ್‌ನ ಜಾಗದಲ್ಲಿ. ಗಡಿಯಾರ ನೋಡಿದೆ. ಶನಿವಾರದ ಸದ್ದಿಗೆ ಇನ್ನೂ ಎರಡು ಗಂಟೆ ಉಳಿದಿತ್ತು. ಪ್ರೈಮರ್ ಉಜ್ಜಲು ಮರಳು ಕಾಗದ ತಾ ಎಂದು ಪುಟ್ಟನನ್ನು ಕಳಿಸಿದೆ.