ಮುನ್ನೂರು ಪದಗಳ ಪ್ರಬಂಧ

"ಅಜ್ಜಿ, ಇಬ್ಬರನ್ನ ಸಾಯಿಸಿದ್ರೆ ಒಂದು ಪ್ರಬಂಧ ಬರೆದ್ರೆ ಸಾಕಾ?"

2024ರ ಮೇ ತಿಂಗಳು. ಶಾಲೆಗಳಿಗೆ ಇನ್ನೂ ರಜೆ ಇತ್ತು. ನಾನು ಜಗಲಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಮೊಮ್ಮಗಳು ಪೇಪರ್ ಹಿಡಿದುಕೊಂಡು ಬಂದು ಎದುರಿಗೆ ನಿಂತಿದ್ದಳು. ಅವಳ ಪ್ರಶ್ನೆ ನನಗೆ ತಕ್ಷಣ ಅರ್ಥವಾಗಲಿಲ್ಲ. ಸುದ್ದಿ ಓದಿದ ಮೇಲೆ ಕೈಯಲ್ಲಿದ್ದ ಹುರುಳಿಕಾಯಿ ಕೈಯಲ್ಲೇ ಉಳಿಯಿತು.

ಪುಣೆಯಲ್ಲಿ ಮೇ 19ರ ನಸುಕಿನಲ್ಲಿ, ಸುಮಾರು ಎರಡೂವರೆ ಗಂಟೆಗೆ, ಹದಿನೇಳು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಕಲ್ಯಾಣಿ ನಗರದಲ್ಲಿ ಒಂದು ಬೈಕಿಗೆ ಗುದ್ದಿತ್ತು. ಬೈಕಿನಲ್ಲಿದ್ದ ಇಬ್ಬರೂ ತೀರಿಕೊಂಡರು. ಒಬ್ಬ ಹುಡುಗ, ಒಬ್ಬ ಹುಡುಗಿ. ಇಬ್ಬರಿಗೂ ಇಪ್ಪತ್ತನಾಲ್ಕು ವರ್ಷ. ಮಧ್ಯಪ್ರದೇಶದಿಂದ ಬಂದು ಪುಣೆಯಲ್ಲಿ ಕೆಲಸ ಮಾಡುತ್ತಿದ್ದ ಇಂಜಿನಿಯರುಗಳು. ಕಾರಿನ ಹುಡುಗ ಅದಕ್ಕೆ ಮೊದಲು ಗೆಳೆಯರ ಜೊತೆ ಕುಡಿದಿದ್ದ ಎಂದು ಪೊಲೀಸರು ಹೇಳಿದರು. ಅದೇ ದಿನ ಬಾಲನ್ಯಾಯ ಮಂಡಳಿ ಅವನಿಗೆ ಜಾಮೀನು ಕೊಟ್ಟಿತು. ಅದಕ್ಕೆ ಹಾಕಿದ ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು ಎನ್ನುವುದು.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು. ತಡವಾಗಿ ಬಂದವರಿಗೆ, ಬೆಂಚಿನ ಮೇಲೆ ಹೆಸರು ಕೆತ್ತಿದವರಿಗೆ ಪ್ರಬಂಧ ಬರೆಸಿದ್ದೇನೆ. ಎರಡು ಜೀವಕ್ಕೆ ಒಂದು ಪ್ರಬಂಧ ಎಂದು ಕೇಳಿದ್ದು ಅದೇ ಮೊದಲು.

"ಅದು ಶಿಕ್ಷೆ ಅಲ್ಲ ಪುಟ್ಟಿ, ಜಾಮೀನಿನ ಷರತ್ತು. ವಿಚಾರಣೆ ಆಮೇಲೆ ನಡೆಯುತ್ತೆ" ಎಂದೆ. ಮಾತು ಸರಿಯಾಗಿಯೇ ಇತ್ತು. ಆದರೆ ಅವಳಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ದೇಶದಲ್ಲೆಲ್ಲ ಜನ ಸಿಟ್ಟಾದರು. ಮಂಡಳಿ ತನ್ನ ಆದೇಶ ಬದಲಿಸಿ ಹುಡುಗನನ್ನು ವೀಕ್ಷಣಾಲಯಕ್ಕೆ ಕಳಿಸಿತು. ಜಾಮೀನು ಕೊಟ್ಟ ಮೇಲೆ ಹಾಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂದು ಬಾಂಬೆ ಹೈಕೋರ್ಟು ಜೂನ್ 25ರಂದು ಅವನನ್ನು ಬಿಡಿಸಿತು. ಅವನನ್ನು ವಯಸ್ಕನಂತೆ ವಿಚಾರಣೆ ಮಾಡಬೇಕು ಎಂಬ ಪೊಲೀಸರ ಕೋರಿಕೆಯನ್ನು 2025ರ ಜುಲೈನಲ್ಲಿ ಮಂಡಳಿ ಒಪ್ಪಲಿಲ್ಲ.

ಮಕ್ಕಳ ಕಾನೂನು ಸೇಡಿಗಾಗಿ ಇರುವುದಲ್ಲ, ತಿದ್ದುವುದಕ್ಕೆ ಇರುವುದು. ಮಕ್ಕಳ ಮಧ್ಯೆಯೇ ಬದುಕು ಕಳೆದ ನನಗೆ ಅದರ ಮೇಲೆ ಗೌರವವಿದೆ. ತಪ್ಪು ಮಾಡಿದ ಎಷ್ಟೋ ಹುಡುಗರು ಮುಂದೆ ಒಳ್ಳೆಯ ಮನುಷ್ಯರಾಗಿದ್ದನ್ನು ನೋಡಿದ್ದೇನೆ. ಆದರೆ ತಿದ್ದಿಕೊಳ್ಳುವವನು ಮೊದಲು 'ನಾನು ಮಾಡಿದೆ' ಎನ್ನಬೇಕಲ್ಲ.

ಆ ಸಂಜೆ ಮೊಮ್ಮಗನೂ ಮಾತಿಗೆ ಸೇರಿಕೊಂಡ. ಅವನಿಗೆ ಆಗ ಹದಿನಾರು. "ಬೇಕು ಅಂತ ಯಾರೂ ಗುದ್ದಲ್ಲ ಅಜ್ಜಿ. ಆಕ್ಸಿಡೆಂಟ್ ಅಂದ್ರೆ ಆಕ್ಸಿಡೆಂಟೇ" ಎಂದ.

ಇದಕ್ಕೆ ವಕೀಲನಾದ ನನ್ನ ತಮ್ಮ ಹಿಂದೊಮ್ಮೆ ಹೇಳಿದ್ದನ್ನೇ ಅವನಿಗೆ ಹೇಳಿದೆ. ನಿರ್ಲಕ್ಷ್ಯದಿಂದ ಸಾವಾದರೆ ಹಳೆಯ ದಂಡಸಂಹಿತೆಯಲ್ಲಿ ಹೆಚ್ಚೆಂದರೆ 2 ವರ್ಷ ಜೈಲು. 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಅದು 5 ವರ್ಷದವರೆಗೆ. ಆದರೆ 'ಹೀಗೆ ಮಾಡಿದರೆ ಯಾರಾದರೂ ಸಾಯಬಹುದು' ಎಂದು ಗೊತ್ತಿದ್ದೂ ಮಾಡಿದ್ದರೆ, ಆಗಲೂ ಈಗಲೂ 10 ವರ್ಷದವರೆಗೆ ಶಿಕ್ಷೆ ಆಗಬಹುದು. 2006ರಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಕುಡಿದಿದ್ದ ಯುವಕನೊಬ್ಬ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹತ್ತಿಸಿದ. ಏಳು ಜನ ಸತ್ತರು. ಕೆಳಗಿನ ನ್ಯಾಯಾಲಯ ಕೊಟ್ಟದ್ದು 6 ತಿಂಗಳು. ಹೈಕೋರ್ಟು ಅದನ್ನು 3 ವರ್ಷಕ್ಕೆ ಏರಿಸಿತು. ಇದು ಬರೀ ನಿರ್ಲಕ್ಷ್ಯವಲ್ಲ, ಗೊತ್ತಿದ್ದೂ ಮಾಡಿದ್ದು ಎಂದು 2012ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು.

"ಕುಡಿದಾಗ ಗೊತ್ತಾಗಲ್ವಲ್ಲ ಅಜ್ಜಿ?"

"ಕುಡಿದ ಮೇಲೆ ಗೊತ್ತಾಗಲ್ಲಪ್ಪ. ಅದಕ್ಕೇ ಕುಡಿಯೋಕೆ ಮೊದಲು ಗೊತ್ತಿರಬೇಕು, ಮನೆಗೆ ಹೇಗೆ ಹೋಗ್ತೀನಿ ಅಂತ. ಕಾರಿನ ಕೀಲಿ ಜೇಬಲ್ಲಿಟ್ಟುಕೊಂಡು ಕುಡಿಯೋಕೆ ಕೂತಾಗಲೇ ತಪ್ಪು ಶುರುವಾಯ್ತು."

100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಗಾಡಿ ಓಡಿಸುವುದು ಅಪರಾಧ. ಗುದ್ದದಿದ್ದರೂ ಅಪರಾಧವೇ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೊಮ್ಮಗ ಸುಮ್ಮನಾದ. ನಾನು ದೊಡ್ಡ ಮೇಷ್ಟರ ಹಾಗೆ ಗೆದ್ದೆ ಎಂದುಕೊಂಡೆ.

ಆದರೆ ಆ ಸುದ್ದಿ ಅಲ್ಲಿಗೆ ನಿಲ್ಲಲಿಲ್ಲ. ದಿನಕ್ಕೊಂದು ಸಂಗತಿ ಹೊರಬಂತು. ಹುಡುಗನ ರಕ್ತದ ಮಾದರಿಯನ್ನು ಆಸ್ಪತ್ರೆಯಲ್ಲೇ ಬದಲಿಸಿ ತಾಯಿಯ ರಕ್ತ ಇಟ್ಟರು ಎಂಬ ಆರೋಪ ಬಂತು. ವೈದ್ಯರು ಬಂಧನಕ್ಕೊಳಗಾದರು. ತಂದೆ, ತಾಯಿ ಬಂಧನಕ್ಕೊಳಗಾದರು. ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವಂತೆ ಮನೆಯ ಡ್ರೈವರನ್ನು ಕೂಡಿಹಾಕಿ ಒತ್ತಾಯಿಸಿದ ಆರೋಪದಲ್ಲಿ ಹುಡುಗನ ಅಜ್ಜನನ್ನೂ ಬಂಧಿಸಿದರು. ಇವೆಲ್ಲ ಆರೋಪಗಳು. ನಿಜ ಯಾವುದು ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನನ್ನದಲ್ಲ.

ಆದರೂ 'ಅಜ್ಜ' ಎಂಬ ಆ ಒಂದು ಪದ ನನ್ನ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತು. ಅದಕ್ಕೆ ಕಾರಣವಿತ್ತು.

ಅದಕ್ಕೆ ಎರಡು ತಿಂಗಳ ಹಿಂದೆ ನಾನು ಮೊಮ್ಮಗನಿಗೆ ಸ್ಕೂಟರಿನ ಕೀಲಿ ಕೊಟ್ಟಿದ್ದೆ. "ಒಗ್ಗರಣೆಗೆ ಕರಿಬೇವಿಲ್ಲ, ಹೀಗೆ ಹೋಗಿ ಹಾಗೆ ಬಾ. ಅಪ್ಪನಿಗೆ ಹೇಳಬೇಡ" ಎಂದಿದ್ದೆ. ಅದು ಮೊದಲ ಸಲವೂ ಅಲ್ಲ. ಮೊಮ್ಮಗನ ಮುಖ ಅರಳುವುದನ್ನು ನೋಡುವ ಆಸೆ ನನಗೆ. ಆವತ್ತು ತಿರುವಿನಲ್ಲಿ ಅವನು ಸೊಪ್ಪು ಮಾರುವಾಕೆಯ ಬುಟ್ಟಿಗೆ ಗುದ್ದಿದ. ಆಕೆಯ ಕಾಲು ತರಚಿ ರಕ್ತ ಬಂತು. ನಾನು ಓಡಿಹೋಗಿ ಅರಿಶಿನ ಹಚ್ಚಿದೆ. ಐನೂರು ರೂಪಾಯಿ ಕೈಗಿಟ್ಟು, "ನಮ್ಮ ಹುಡುಗ ಪಾಪ, ಹೆದರಿಬಿಟ್ಟಿದಾನೆ. ಮನೇಲಿ ಯಾರ ಹತ್ರಾನೂ ಹೇಳಬೇಡಮ್ಮ" ಎಂದೆ. ಮಗನಿಗೆ, ಗಾಡಿ ನಿಂತಲ್ಲೇ ಬಿದ್ದು ಗೀರಾಯಿತು ಎಂದೆ. ಪಕ್ಕದಲ್ಲೇ ನಿಂತಿದ್ದ ಮೊಮ್ಮಗ ನನ್ನ ಸುಳ್ಳನ್ನು ಕೇಳಿಸಿಕೊಂಡ.

ಆಕೆ ಯಾರಿಗೂ ಹೇಳಲಿಲ್ಲ. ಆದರೆ ಮಾರನೆಯ ದಿನದಿಂದ ನಮ್ಮ ಬದಿಯ ಮರದ ನೆರಳು ಬಿಟ್ಟು ರಸ್ತೆಯ ಆ ಕಡೆ, ಬಿಸಿಲಲ್ಲಿ ಕೂತಳು.

ಮೊಮ್ಮಗ ಕುಡಿದಿರಲಿಲ್ಲ. ಯಾರೂ ಸಾಯಲಿಲ್ಲ. ಪುಣೆಯ ಸಂಗತಿಗೂ ಇದಕ್ಕೂ ಅಜಗಜಾಂತರ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಆದರೆ ನಾನು ಮಾಡಿದ್ದೇನು? ಕೀಲಿ ಕೊಟ್ಟೆ, ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದೆ, ಸುಳ್ಳು ಹೇಳಿದೆ. ಇದೂ ಅದೇ ದಾರಿ. ನಾನು ಅದರಲ್ಲಿ ಸ್ವಲ್ಪ ದೂರ ಹೋಗಿದ್ದೆ, ಅಷ್ಟೆ. 'ಏನಾದರೂ ಆದರೆ ಅಜ್ಜಿ ನೋಡಿಕೊಳ್ಳುತ್ತಾಳೆ' ಎಂಬ ಪಾಠವನ್ನು ಅವನಿಗೆ ನಾನೇ ಕಲಿಸಿದ್ದೆ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಒಂದು ಹೊಸ ಕಲಂ ಸೇರಿದೆ. ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರು ಹೊಣೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಸ್ಕೂಟರ್ ಇದ್ದದ್ದು ಮಗನ ಹೆಸರಿನಲ್ಲಿ. ನನ್ನ ಪ್ರೀತಿಗೆ ಅವನು ಜೈಲಿಗೆ ಹೋಗಬೇಕಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿಬಿಟ್ಟೆ. ಮಗ ಅನ್ನ ಕಲಸುವುದನ್ನು ನಿಲ್ಲಿಸಿದ. "ಅಮ್ಮ, ನೀವೇ ಹೀಗೆ ಮಾಡಿದ್ರೆ..." ಎಂದವನು ಮುಂದೆ ಮಾತಾಡಲಿಲ್ಲ. ಸೊಸೆ ತಲೆ ತಗ್ಗಿಸಿ ಕೂತಳು. ಎಪ್ಪತ್ತರ ವಯಸ್ಸಿನಲ್ಲಿ ಮಗನ ಎದುರು ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ. ಮೊಮ್ಮಗ ಕೋಪದಿಂದ ಎದ್ದುಹೋದ. ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟ.

ಐದನೆಯ ದಿನ ಬೆಳಿಗ್ಗೆ ಅವನೇ ಬಂದು, "ಅಜ್ಜಿ, ಆ ಸೊಪ್ಪಿನವರ ಹತ್ರ ಹೋಗಿಬರೋಣ್ವಾ?" ಎಂದ. ಹೋದೆವು. ಅವನು ಏನು ಹೇಳಬೇಕೆಂದು ನಾನು ಕಲಿಸಿಕೊಟ್ಟಿರಲಿಲ್ಲ. "ಆವತ್ತು ಗಾಡಿ ಓಡಿಸಿದ್ದು ನಾನು. ನನಗೆ ಲೈಸೆನ್ಸ್ ಇರಲಿಲ್ಲ. ತಪ್ಪಾಯ್ತು" ಎಂದ. ಎಣಿಸಿದರೆ ಹತ್ತು ಪದವೂ ಆಗಲಿಕ್ಕಿಲ್ಲ. ಆಕೆ ಕಾಲಿನ ಗಾಯ ಒಣಗಿದ್ದನ್ನು ತೋರಿಸಿ, "ಹೋಗ್ಲಿ ಬಿಡಪ್ಪ" ಎಂದಳು.

ಮೊಮ್ಮಗಳು ಈಗ ಎಂಟನೆಯ ತರಗತಿ. ಅವಳ ಪ್ರಶ್ನೆಗೆ ಇಷ್ಟು ಹೇಳಬಲ್ಲೆ: ಸಾಕಾಗುವುದಿಲ್ಲ ಪುಟ್ಟಿ. ಹೋದ ಜೀವಕ್ಕೆ ಸಾಕಾಗುವ ಶಿಕ್ಷೆ ಯಾವ ಪುಸ್ತಕದಲ್ಲೂ ಇಲ್ಲ. ಹತ್ತು ವರ್ಷದ ಜೈಲಿನಿಂದಲೂ ಆ ಇಬ್ಬರು ಮಕ್ಕಳು ತಮ್ಮ ಮನೆಗೆ ತಿರುಗಿ ಬರುವುದಿಲ್ಲ. ಆದರೂ ಶಿಕ್ಷೆ ಬೇಕು. ಅವರ ಜೀವಕ್ಕೂ ಕಾರಿನವರ ಜೀವದಷ್ಟೇ ಬೆಲೆ ಇತ್ತು ಎಂದು ಎಲ್ಲರೂ ಕೇಳುವ ಹಾಗೆ ಹೇಳುವುದಕ್ಕೆ ಅದು ಬೇಕು. ಮಕ್ಕಳನ್ನು ಆ ಶಿಕ್ಷೆಯಿಂದ ಪಾರು ಮಾಡಬೇಕೆಂದಿದ್ದರೆ, ನನ್ನಂಥ ಹಿರಿಯರು ಆ ಕೆಲಸವನ್ನು ಕೀಲಿ ಕೊಡುವ ಮೊದಲೇ ಮಾಡಬೇಕು.

ಸ್ಕೂಟರಿನ ಕೀಲಿ ಈಗ ಮಗನ ಬೀರುವಿನಲ್ಲಿದೆ. ಕರಿಬೇವು ಬೇಕಾದಾಗ ಯಾರಾದರೂ ನಡೆದು ಹೋಗುತ್ತೇವೆ. ಸೊಪ್ಪಿನಾಕೆ ಮತ್ತೆ ನಮ್ಮ ಬದಿಯ ನೆರಳಿಗೆ ಬಂದಿದ್ದಾಳೆ.