ಮನೆಯೂ ಕೆಟ್ಟಿತು, ಗಾಡಿಯೂ ಕೆಟ್ಟಿತು...

ಮೋಟರ್‌ಹೋಮ್ ಪ್ರವಾಸದ ಫೋಟೋ ನೋಡಿದವರೆಲ್ಲ ನನ್ನ ಹತ್ರ ಕೇಳೋದು ಮೂರೇ ಪ್ರಶ್ನೆ. ಬಾಡಿಗೆ ಎಷ್ಟು? ಮೈಲೇಜ್ ಎಷ್ಟು? ಟಾಯ್ಲೆಟ್ ಏನ್ ಮಾಡ್ತೀರಿ? "ಕೆಟ್ಟು ನಿಂತ್ರೆ ಏನ್ಮಾಡ್ತೀರಿ?" ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳ್ತೀನಿ, ಯಾಕಂದ್ರೆ ನನ್ನ ಪ್ರಕಾರ ಅದೊಂದೇ ಕೇಳಬೇಕಾದ ಪ್ರಶ್ನೆ.

ಮೊದಲು ಗೊತ್ತಿಲ್ಲದವರಿಗೆ ಸ್ವಲ್ಪ ಪೀಠಿಕೆ. ಲಾರಿಯ ಚಾಸಿ ಮೇಲೆ ಒಂದು ಪುಟ್ಟ ಮನೆ ಕಟ್ಟಿದ್ರೆ ಅದೇ ಮೋಟರ್‌ಹೋಮ್. ಇಲ್ಲಿ ಅಮೆರಿಕದಲ್ಲಿ ಎಲ್ಲರೂ ಆರ್‌ವಿ ಅಂತಾರೆ. ಒಳಗೆ ಒಲೆ, ಫ್ರಿಜ್, ಹಾಸಿಗೆ, ಬಚ್ಚಲು ಎಲ್ಲ ಇರುತ್ತೆ. ಆದರೆ ಇದು ಒಂದು ಯಂತ್ರ ಅಲ್ಲ ಮಾರಾಯ್ರೇ, ಎರಡು! ಎಂಜಿನ್, ಗೇರು, ಬ್ರೇಕು ಎಲ್ಲ 'ಗಾಡಿ' ಕಡೆಗೆ ಸೇರಿದ್ದು. ಫ್ರಿಜ್, ನೀರಿನ ಪಂಪು, ಹೀಟರು, ಜನರೇಟರು 'ಮನೆ' ಕಡೆಗೆ. ಬ್ಯಾಟರಿ ಕೂಡ ಎರಡೆರಡು, ಗಾಡಿಗೊಂದು, ಮನೆಗೊಂದು. ರಿಪೇರಿ ಮಾಡೋರೂ ಬೇರೆ ಬೇರೆ. ಈ ಕೊನೆಯ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

2024ರ ಜೂನ್. ರಾಯಚೂರಿನಿಂದ ಅಪ್ಪ ಅಮ್ಮ ಬಂದು ಒಂದು ತಿಂಗಳಾಗಿತ್ತು. ನಾನಿರೋದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಜೂನ್‌ನಲ್ಲಿ ಇಲ್ಲಿ 42 ಡಿಗ್ರಿ ಅಂದ್ರೆ ಮಾಮೂಲು. ರಾಯಚೂರಿನ ಬಿಸಿಲಿಂದ ತಪ್ಪಿಸ್ಕೊಂಡು ಬಂದೋರಿಗೆ ಅದಕ್ಕಿಂತ ದೊಡ್ಡ ರಾಯಚೂರು ಸಿಕ್ಕಿತ್ತು ಪಾಪ! ಹೊರಗೆ ಊಟ ಮಾಡೋದು ಅಮ್ಮನಿಗೆ ಆಗಲ್ಲ, ಬೇಕಾದಾಗ ಮಲಗೋಕೂ ಜಾಗ ಬೇಕು. ಹಾಗಾಗಿ ಆರು ದಿನಕ್ಕೆ 25 ಅಡಿ ಉದ್ದದ ಒಂದು ಮೋಟರ್‌ಹೋಮ್ ಬಾಡಿಗೆಗೆ ತಗೊಂಡೆ. ಫ್ಲಾಗ್‌ಸ್ಟಾಫ್, ಪೇಜ್, ಮಾನ್ಯುಮೆಂಟ್ ವ್ಯಾಲಿ, ವಾಪಸ್. ಇಷ್ಟೇ ಪ್ಲಾನು.

ಅಮ್ಮನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್. ಊರಿಂದ ಮೂರು ತಿಂಗಳಿಗೆ ಆಗುವಷ್ಟು ಪೆನ್ನು ತಂದಿದ್ದಳು, ಅದರಲ್ಲಿ ಬಳಸ್ತಿದ್ದ ಒಂದನ್ನ ಬಿಟ್ಟು ಐದು ಉಳಿದಿದ್ದವು. "ಎರಡು ತಗೋ ಸಾಕು, ಉಳಿದದ್ದು ಮನೆ ಫ್ರಿಜ್‌ನಲ್ಲಿ ಇರ್ಲಿ" ಅಂದೆ. "ಕರೆಂಟ್ ಹೋದ್ರ?" ಅಂದಳು. ಪಕ್ಕದ ಶಕ್ತಿನಗರದಲ್ಲಿ ಥರ್ಮಲ್ ಸ್ಥಾವರ ಇಟ್ಕೊಂಡೂ ಕರೆಂಟಿಗಾಗಿ ಕಾದು ಕೂತ ಊರಿನವರ ಹತ್ರ ಈ ವಿಷಯದಲ್ಲಿ ವಾದ ಮಾಡಕ್ಕಾಗಲ್ಲ. ಐದೂ ಪೆನ್ನು ನಮ್ಮ ಜೊತೆ ಹೊರಟವು.

ಮೊದಲ ರಾತ್ರಿ ಫ್ಲಾಗ್‌ಸ್ಟಾಫ್ ಹತ್ರದ ಕಾಡಿನಲ್ಲಿ ತಂಗಿದ್ವಿ. ಅಲ್ಲಿ ಕರೆಂಟ್ ಕನೆಕ್ಷನ್ ಇಲ್ಲ, ಎಲ್ಲ ಬ್ಯಾಟರಿ ಮೇಲೇ. ಏಳು ಸಾವಿರ ಅಡಿ ಎತ್ತರದ ಜಾಗ, ಹಗಲು ಹಿತವಾಗಿತ್ತು, ರಾತ್ರಿ ಐದಾರು ಡಿಗ್ರಿಗೆ ಇಳಿಯಿತು. ಹೀಟರ್ ಗ್ಯಾಸಿನ ಮೇಲೆ ನಡೆಯುತ್ತೆ ನಿಜ, ಆದರೆ ಬಿಸಿಗಾಳಿ ಊದುವ ಫ್ಯಾನು ಮನೆ ಬ್ಯಾಟರಿಯದ್ದು. ರಾತ್ರಿಯಿಡೀ ಓಡಿತು. ಬೆಳಿಗ್ಗೆ ಜನರೇಟರ್ ಒತ್ತಿದ್ರೆ 'ಟಕ್' ಅಂತ ಒಂದು ಸದ್ದು, ಅಷ್ಟೇ. ಗಾಡಿ ಎಂಜಿನ್ ಮಾತ್ರ ಆರಾಮಾಗಿ ಸ್ಟಾರ್ಟ್ ಆಯ್ತು. ಗಾಡಿ ಓಡ್ತಾ ಇದ್ರೆ ಆಲ್ಟರ್ನೇಟರ್ ಮನೆ ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತೆ ಅನ್ನೋದು ಪದ್ಧತಿ. ಹೊರಟ್ವಿ.

ಐವತ್ತು ಮೈಲಿ ಆದ ಮೇಲೆ ಕ್ಯಾಮರಾನ್ ಅನ್ನೋ ಪುಟ್ಟ ಊರು. ಅಷ್ಟರಲ್ಲಿ ಮೂರು ಸಾವಿರ ಅಡಿ ಇಳಿದಿದ್ವಿ, ಹೊರಗೆ 37 ಡಿಗ್ರಿ. ಇದು ನವಾಹೋ ಜನರ ನಾಡು. ಕಣ್ಣು ಹಾಯಿಸಿದಷ್ಟೂ ಕೆಂಪು ಮಣ್ಣು. ಮೊಸರನ್ನ ಕಲಸೋಣ ಅಂತ ಅಮ್ಮ ಫ್ರಿಜ್ ತೆಗೆದಳು. ಒಳಗೆ ಲೈಟ್ ಇಲ್ಲ. ಮೊಸರು ಬೆಚ್ಚಗಿತ್ತು. ನಲ್ಲಿ ತಿರುಗಿಸಿದ್ರೆ ನೀರೂ ಇಲ್ಲ!

ನನ್ನ ಬ್ಯಾಗಲ್ಲಿ ಕಾಲೇಜು ಕಾಲದ ಮಲ್ಟಿಮೀಟರ್ ಒಂದು ಇತ್ತು. ಅದರಲ್ಲಿ ಉಷ್ಣತೆ ಅಳೆಯುವ ವೈರೂ ಉಂಟು. ಮನೆ ಬ್ಯಾಟರಿಗೆ ಇಟ್ಟರೆ 9.8 ವೋಲ್ಟ್. ತುಂಬಿದ ಬ್ಯಾಟರಿ 12.6 ತೋರಿಸಬೇಕು. 10.5ಕ್ಕಿಂತ ಕೆಳಗೆ ಅಂದ್ರೆ ಸತ್ತಂತೆ. ಫ್ರಿಜ್ ಒಳಗೆ 17 ಡಿಗ್ರಿ, ಏರ್ತಾ ಇತ್ತು.

ಫೋನ್ ಪರ್ವ ಶುರು. ಬಾಡಿಗೆ ಕಂಪನಿಯ ಸಹಾಯವಾಣಿಯಲ್ಲಿ ಮುಕ್ಕಾಲು ಗಂಟೆ ಸಂಗೀತ ಕೇಳಿದೆ. ಆಮೇಲೆ ಬಂದ ಹೆಣ್ಣುಮಗಳು, ಬೇಕಿದ್ರೆ ಫೀನಿಕ್ಸ್‌ಗೆ ಎಳೆಸ್ತೀವಿ, ಇಲ್ಲಾಂದ್ರೆ ಅಧಿಕೃತ ಕೇಂದ್ರದಲ್ಲಿ ರಿಪೇರಿ ಮಾಡಿಸಿ ರಸೀದಿ ಕಳಿಸಿ ಅಂದಳು. ಫೀನಿಕ್ಸ್ ಇನ್ನೂರು ಮೈಲಿ. ಒಂದು ಗ್ಯಾರೇಜಿಗೆ ಫೋನ್ ಮಾಡಿದೆ. "ಎಂಜಿನ್ ಓಡ್ತಿದೆಯಲ್ಲ? ಮನೆ ಭಾಗ ನಾವು ಮುಟ್ಟಲ್ಲ." ಆರ್‌ವಿ ರಿಪೇರಿಯವರಿಗೆ ಮಾಡಿದೆ. "ಆಲ್ಟರ್ನೇಟರ್ ಕಡೆ ತೊಂದರೆ ಇದ್ರೆ ಅದು ಗಾಡಿಯದ್ದು, ನಮ್ಮದಲ್ಲ. ಆದ್ರೂ ನೋಡ್ತೀವಿ, ಮೂರು ವಾರ ಬಿಟ್ಟು ಬನ್ನಿ." ಇನ್ನೊಬ್ಬರು ಎತ್ತರ ಎಷ್ಟು ಅಂತ ಕೇಳಿ, ನಮ್ಮ ಬಾಗಿಲಲ್ಲಿ ಹಿಡಿಸಲ್ಲ ಅಂತ ಫೋನ್ ಇಟ್ಟರು. ಆಫೀಸಲ್ಲಿ ಒಂದು ಬಗ್ ಎರಡು ಟೀಮುಗಳ ಮಧ್ಯೆ ಓಡಾಡೋದು ದಿನಾ ನೋಡ್ತೀನಿ. ಆದರೆ ಆ ಬಗ್ ಒಳಗೆ ಕೂತ್ಕೊಂಡು ಬೆವರಿದ್ದು ಇದೇ ಮೊದಲು.

ನಾನು ಹೀಗೆ ಮೂಲ ಕಾರಣ ಹುಡುಕ್ತಾ ಇರಬೇಕಾದ್ರೆ ಅಮ್ಮ ಕೂಗಿದಳು. "ಆ ತಂಪಿನ ಪೆಟ್ಟಿಗಿ ನಂಬ್ಕೊಂಡು ಎಷ್ಟೊತ್ತು ಕುಂದರ್ತೀಯೋ? ನಿಮ್ಮಪ್ಪನ ವಲ್ಲಿ ತಗೊಂಡ್ ಬಾ."

ವಲ್ಲಿ ಅಂದ್ರೆ ಹೆಗಲ ಮೇಲೆ ಹಾಕ್ಕೊಳ್ಳೋ ಹತ್ತಿ ಟವೆಲ್ಲು. ಪೆನ್ನುಗಳನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸ್ಟೀಲ್ ಡಬ್ಬಿಗೆ ಹಾಕಿದಳು. ಕುಡಿಯೋ ನೀರಿನ ಬಾಟಲಿ ಸುರಿದು ವಲ್ಲಿ ತೋಯಿಸಿ ಡಬ್ಬಿಗೆ ಸುತ್ತಿದಳು. ನೀರು ತುಂಬಿದ ತಟ್ಟೆಯಲ್ಲಿ ಅದನ್ನಿಟ್ಟು, ಗಾಡಿಯ ನೆರಳಲ್ಲಿ ಗಾಳಿ ಬರೋ ಕಡೆ ಕುರ್ಚಿ ಮೇಲೆ ಕೂರಿಸಿದಳು. ಊರಲ್ಲಿ ಕರೆಂಟ್ ಹೋದಾಗೆಲ್ಲ ನೀರಿನ ಗಡಿಗೆ ಪಕ್ಕ ಇದೇ ವ್ಯವಸ್ಥೆಯಂತೆ. ಒಂದೂವರೆ ಗಂಟೆ ಬಿಟ್ಟು ಮೀಟರ್ ಇಟ್ಟೆ. ಹೊರಗೆ 37, ಡಬ್ಬಿಯೊಳಗೆ 22!

ಐಸ್ ಸಿಗ್ತಿರಲಿಲ್ವಾ ಅಂತ ಕೇಳ್ತೀರಿ. ಸಿಕ್ತು, ಪೆಟ್ರೋಲ್ ಬಂಕಲ್ಲೇ. ಹಾಲು, ತರಕಾರಿ ಅದರಲ್ಲಿಟ್ವಿ. ಆದರೆ ಐಸ್‌ಗೆ ತಾಗಿ ಇನ್ಸುಲಿನ್ ಹೆಪ್ಪುಗಟ್ಟಿದ್ರೆ ಕಾಯ್ದು ಕೆಟ್ಟಷ್ಟೇ ನಷ್ಟ, ಆಮೇಲೆ ಬಳಸೋ ಹಾಗಿಲ್ಲ. ತೆರೆಯದ ಪೆನ್ನು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೊರಗೆ ತೆಗೆದರೂ 30 ಡಿಗ್ರಿ ಒಳಗಿದ್ರೆ ಹೆಚ್ಚಿನವು ನಾಲ್ಕು ವಾರ ತಡೀತವೆ. ಕೊಲ್ಲೋದು ಮುಚ್ಚಿದ ಗಾಡಿಯೊಳಗಿನ ಕಾವು. ವಿಸಿಟರ್ ಇನ್ಶೂರೆನ್ಸ್‌ಗಳು ಸಾಮಾನ್ಯವಾಗಿ ಮೊದಲಿಂದ ಇರೋ ಸಕ್ಕರೆ ಕಾಯಿಲೆಗೆ ದುಡ್ಡು ಕೊಡಲ್ಲ. ಆ ಡಬ್ಬಿಯಲ್ಲಿದ್ದದ್ದು ಅಮ್ಮನ ಮುಂದಿನ ಎರಡು ತಿಂಗಳು.

ಒದ್ದೆ ಬಟ್ಟೆ ಯಾಕೆ ಕೆಲಸ ಮಾಡ್ತು ಅಂದ್ರೆ ಮರುಭೂಮಿಯ ಗಾಳಿ ಅಷ್ಟು ಒಣಗಿರುತ್ತೆ. ನೀರು ಬೇಗ ಆವಿಯಾಗುತ್ತೆ, ಆಗ್ತಾ ಶಾಖ ಎಳ್ಕೊಂಡು ಹೋಗುತ್ತೆ. ಇದೇ ಉಪಾಯ ಮಂಗಳೂರಿನ ಸೆಕೆಯಲ್ಲಿ ಮಾಡಿದ್ರೆ ಒದ್ದೆ ಬಟ್ಟೆ ಒದ್ದೆಯಾಗೇ ಇರ್ತಿತ್ತು. ಹಿಂದೆ ರೂಟ್ 66ರಲ್ಲಿ ಮರುಭೂಮಿ ದಾಟೋರು ಕಾರಿನ ಮುಂದೆ ಕ್ಯಾನ್ವಾಸ್ ನೀರಿನ ಚೀಲ ನೇತು ಹಾಕ್ತಿದ್ರು. ಅದರ ತಂಪೂ ಇದೇ ಲೆಕ್ಕ. ಅಮ್ಮನಿಗೆ ರೂಟ್ 66 ಗೊತ್ತಿಲ್ಲ, ರಾಯಚೂರು ಗೊತ್ತು. ಸಾಕಾಯ್ತು.

ಡಬ್ಬಿ ತಣ್ಣಗಾದ ಮೇಲೆ ನನ್ನ ತಲೆಯೂ ತಣ್ಣಗಾಯ್ತು. ಒಂದು ಕಾಗದ ತಗೊಂಡು ಏನು ಏನರ ಮೇಲೆ ನಿಂತಿದೆ ಅಂತ ಬರೆದೆ. ಫ್ರಿಜ್ ಗ್ಯಾಸಲ್ಲಿ ನಡೆಯುತ್ತೆ, ಆದರೆ ಅದರ ಕಂಟ್ರೋಲ್ ಬೋರ್ಡಿಗೆ 12 ವೋಲ್ಟ್ ಬೇಕು. ನೀರಿನ ಪಂಪಿಗೆ ಅದೇ 12 ವೋಲ್ಟ್. ಹೀಟರ್ ಫ್ಯಾನಿಗೂ ಅದೇ. ಬ್ಯಾಟರಿ ಸತ್ತಾಗ ಕಾಪಾಡಬೇಕಾದ ಜನರೇಟರ್ ಸ್ಟಾರ್ಟ್ ಆಗೋದೂ ಅದೇ ಬ್ಯಾಟರಿಯಿಂದ! ಬೇರೆ ಬೇರೆ ನಾಲ್ಕು ರೋಗ ಅಂದುಕೊಂಡಿದ್ದು ಒಂದೇ ಆಗಿತ್ತು. ಎಂಜಿನ್ ಓಡುವಾಗ ಗಾಡಿ ಬ್ಯಾಟರಿಯಲ್ಲಿ 14.1 ವೋಲ್ಟ್ ಇದೆ, ಮನೆ ಬ್ಯಾಟರಿಗೆ ಅದು ತಲುಪ್ತಿಲ್ಲ. ಮಧ್ಯೆ ಎಲ್ಲೋ ಸೇತುವೆ ಮುರಿದಿದೆ.

ಪಕ್ಕದಲ್ಲಿ ಪಿಕಪ್ ನಿಲ್ಲಿಸಿದ್ದ ಒಬ್ಬ ಹಿರಿಯರ ಹತ್ರ ಇಪ್ಪತ್ತು ಅಡಿ ಜಂಪರ್ ಕೇಬಲ್ ಇತ್ತು. ಗಾಡಿ ಬ್ಯಾಟರಿ ಮುಂದೆ, ಮನೆ ಬ್ಯಾಟರಿ ಬಾಗಿಲ ಮೆಟ್ಟಿಲ ಕೆಳಗೆ. ಗಿಡ್ಡ ಕೇಬಲ್ ಆಗಿದ್ರೆ ಮುಟ್ತಾನೇ ಇರಲಿಲ್ಲ. ಎಂಜಿನ್ ಓಡಿಸಿ ಇಪ್ಪತ್ತು ನಿಮಿಷ ಎರಡಕ್ಕೂ ಗಂಟು ಹಾಕಿದ್ವಿ. ಜನರೇಟರ್ ಕೆಮ್ಮಿ ಕೆಮ್ಮಿ ಎದ್ದಿತು, ಫ್ರಿಜ್ ಲೈಟ್ ಬಂತು. ಅಪ್ಪ ಚಪ್ಪಾಳೆ ತಟ್ಟಿದರು. ಆದರೆ ಇದು ತಾತ್ಕಾಲಿಕ. ರಾತ್ರಿಯೆಲ್ಲ ಜನರೇಟರ್ ಓಡಿಸಕ್ಕಾಗಲ್ಲ. ಪಿಕಪ್ ಹಿರಿಯರೇ ಟ್ಯೂಬಾ ಸಿಟಿಯ ಒಬ್ಬ ಮೆಕ್ಯಾನಿಕ್ ನಂಬರ್ ಕೊಟ್ಟರು. ಅಲ್ಲಿಂದ ಇಪ್ಪತ್ತೈದು ಮೈಲಿ. ಫೋನ್ ಮಾಡಿದ್ರೆ "ನಾಲ್ಕಕ್ಕೆ ಬಾ" ಅಂದ.

ಯಾವ ನಾಲ್ಕು? ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರ ಮುಂದೆ ಮಾಡಲ್ಲ, ನವಾಹೋ ನಾಡು ಮಾಡುತ್ತೆ. ಟ್ಯೂಬಾ ಸಿಟಿಯಲ್ಲಿ ನಾಲ್ಕು ಆದಾಗ ರಸ್ತೆ ಆಚೆಯ ಹೋಪಿ ಜನರ ಮೋಎನ್‌ಕೋಪಿ ಊರಲ್ಲಿ ಮೂರು. ನನ್ನ ಫೋನ್ ಟವರ್ ಬದಲಾದಂತೆಲ್ಲ ಒಂದು ಗಂಟೆ ಹಿಂದೆ ಮುಂದೆ ಕುಣೀತಿತ್ತು. ಅಪ್ಪನ ವಾಚ್ ಅಂತೂ ಇನ್ನೂ ರಾಯಚೂರಿನ ಟೈಮಲ್ಲೇ ಇತ್ತು, ಹನ್ನೆರಡೂವರೆ ಗಂಟೆ ಮುಂದೆ! ಕೊನೆಗೆ "ನಿನ್ನ ಅಂಗಡಿ ಗಡಿಯಾರದ ನಾಲ್ಕಾ?" ಅಂತ ಕೇಳಿ ಖಾತ್ರಿ ಮಾಡ್ಕೊಂಡೆ.

ಆ ಅಂಗಡಿ ನೋಡಿದ್ರೆ ಸಿಂಧನೂರು ರಸ್ತೆಯ 'ಸೆಲ್ಫ್, ಡೈನಮೋ ರಿಪೇರಿ' ಬೋರ್ಡಿನ ಅಂಗಡಿ ನೆನಪಾಯ್ತು. ಅದೇ ಗ್ರೀಸ್ ವಾಸನೆ, ಅದೇ ಬಿಚ್ಚಿದ ಗಾಡಿಗಳು. ನವಾಹೋ ಮನುಷ್ಯ, ಐವತ್ತು ದಾಟಿರಬಹುದು. 'ಇದು ಮನೆಯದ್ದಾ ಗಾಡಿಯದ್ದಾ' ಅಂತ ಕೇಳಲೇ ಇಲ್ಲ. ನನ್ನ ಕಾಗದ ನೋಡಿ ತಲೆಯಾಡಿಸಿ, ಬಾನೆಟ್ ಕೆಳಗಿನ ಒಂದು ಪುಟ್ಟ ಸಿಲಿಂಡರಿನ ಎರಡು ಬೋಲ್ಟಿಗೆ ಟೆಸ್ಟ್ ಲ್ಯಾಂಪ್ ಇಟ್ಟ. ಒಂದು ಕಡೆ ದೀಪ ಜೋರು, ಇನ್ನೊಂದು ಕಡೆ ಮಂಕು. ಅದು ಐಸೊಲೇಟರ್ ಸೊಲೆನಾಯ್ಡ್. ಎಂಜಿನ್ ಓಡುವಾಗ ಎರಡೂ ಬ್ಯಾಟರಿ ಸೇರಿಸೋದು, ನಿಂತಾಗ ಬೇರ್ಪಡಿಸೋದು ಅದರ ಕೆಲಸ. 'ಟಕ್' ಅಂತಿತ್ತು, ಒಳಗಿನ ಕಾಂಟ್ಯಾಕ್ಟ್ ಸುಟ್ಟು ಹೋಗಿತ್ತು.

ಅವನು ಹೊಸದು ಹಾಕೋ ಮೊದಲು ನೋಡಕ್ಕೆ ಒಂದೇ ಥರ ಇರೋ ಎರಡು ಸೊಲೆನಾಯ್ಡ್ ತೋರಿಸಿದ. ಒಂದು ಸ್ಟಾರ್ಟರ್‌ದು, ಕೆಲವೇ ಸೆಕೆಂಡ್ ಕೆಲಸಕ್ಕೆ ಮಾಡಿದ್ದು. ಇನ್ನೊಂದು ಗಂಟೆಗಟ್ಟಲೆ ಸತತ ಓಡೋದಕ್ಕೆ. ಮೊದಲನೆಯದನ್ನ ಹಾಕಿದ್ರೆ ಇವತ್ತು ಸರಿಹೋಗುತ್ತೆ, ಪೇಜ್ ಮುಟ್ಟೋದ್ರೊಳಗೆ ಸುಟ್ಟಿರುತ್ತೆ ಅಂದ. ಅರ್ಧ ಗಂಟೆ ಕೆಲಸ. ಭಾಗಕ್ಕೆ 28 ಡಾಲರ್, ಕೂಲಿ 30. ಕುರ್ಚಿ ಮೇಲಿನ ವಲ್ಲಿ ಡಬ್ಬಿ ನೋಡಿ ಏನದು ಅಂತ ಕೇಳಿದ. ಹೇಳಿದೆ. ತನ್ನ ತಾಯಿಗೂ ಸಕ್ಕರೆ ಕಾಯಿಲೆ ಅಂದ, ಅಮ್ಮನ ಕಡೆ ತಿರುಗಿ ಒಂದು ಸಲ ನಕ್ಕ. ಕೂಲಿಯಲ್ಲಿ ಹತ್ತು ಡಾಲರ್ ವಾಪಸ್ ಕೊಟ್ಟ. ಬೇಡ ಅಂದ್ರೂ ಕೇಳಲಿಲ್ಲ.

ಬಾಡಿಗೆ ಕಂಪನಿ ಎರಡು ತಿಂಗಳ ನಂತರ 28 ಡಾಲರ್ ಕಳಿಸಿತು. ಕೈಬರಹದ ರಸೀದಿಯ ಕೂಲಿ ಲೆಕ್ಕಕ್ಕೆ ಬರಲ್ವಂತೆ. ಅಪ್ಪನ ಡೈರಿಯಲ್ಲಿ ಆ 20 ಡಾಲರ್ ಇನ್ನೂ 'ಬರಬೇಕಾದ ಬಾಕಿ' ಅಂತಲೇ ಇದೆ.

ಆಮೇಲೆ ಮಾನ್ಯುಮೆಂಟ್ ವ್ಯಾಲಿ ನೋಡಿದ್ವಿ, ಅದ್ಭುತ, ಅದನ್ನ ಫೋಟೋದಲ್ಲೇ ನೋಡಿ. ನೀವೂ ಮೋಟರ್‌ಹೋಮ್ ತಗೊಂಡು ಹೋಗೋರಿದ್ರೆ ಒಂದು ಮಲ್ಟಿಮೀಟರ್, ಉದ್ದದ ಜಂಪರ್ ಕೇಬಲ್, ನಾಲ್ಕಾರು ಫ್ಯೂಸು ಇಟ್ಕೊಳ್ಳಿ. ಗಾಡಿ ತಗೊಳ್ಳುವಾಗಲೇ ಎಂಜಿನ್ ಓಡಿಸಿ ಮನೆ ಬ್ಯಾಟರಿಯ ವೋಲ್ಟೇಜ್ ನೋಡಿ. 13.5 ದಾಟಿದ್ರೆ ಸೇತುವೆ ಸರಿ ಇದೆ ಅಂತ. ಇವೆಲ್ಲ ಮೂವತ್ತು ನಲವತ್ತು ಡಾಲರಿನ ಮಾತು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೊರಡೋ ಮುಂಚೆ ಮನೆಯವರ ಜೊತೆ ಕೂತು, ಈ ಗಾಡಿಯಲ್ಲಿ ಕಾಯಕ್ಕಾಗದ ವಸ್ತು ಯಾವುದು ಅಂತ ಕೇಳಿ. ಇನ್ಸುಲಿನ್ನೋ, ಮಗುವಿನ ಹಾಲೋ, ಉಸಿರಾಟದ ಯಂತ್ರವೋ, ಅದಕ್ಕೆ ಬ್ಯಾಟರಿ ಇಲ್ಲದೆ ನಡೆಯೋ ಎರಡನೇ ದಾರಿ ಮೊದಲೇ ಗೊತ್ತಿರಲಿ. ಕೆಟ್ಟಾಗ ಮೊದಲು ಅದನ್ನ ಸುರಕ್ಷಿತ ಮಾಡಿ, ಆಮೇಲೆ ಫೋನ್ ಹಿಡ್ಕೊಳ್ಳಿ. ಸೊಲೆನಾಯ್ಡ್ ಮೂರು ವಾರ ಕಾಯುತ್ತೆ.

ಈಗ ನಮ್ಮ ಮನೆಯಲ್ಲಿ ಯಾವುದೇ ಪ್ರವಾಸದ ಪಟ್ಟಿಯಲ್ಲಿ ಮೊದಲು ಬರೆಯೋದು ಒಂದು ಸ್ಟೀಲ್ ಡಬ್ಬಿ, ಎರಡು ವಲ್ಲಿ. ಮಲ್ಟಿಮೀಟರ್ ಮೂರನೇದು.