ಕೊಟ್ಟ ರಕ್ತವು ಮುನಿದಾಗ

ಕೊಡುವುದು ಪುಣ್ಯ, ಕೊಟ್ಟುದನ್ನು ಮರೆಯುವುದು ಇನ್ನೂ ದೊಡ್ಡ ಪುಣ್ಯವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅನ್ನವನ್ನು ಕೊಟ್ಟರೆ ಉಂಡವನ ಹಸಿವು ಹಿಂಗುವುದು. ಬಟ್ಟೆಯನ್ನು ಕೊಟ್ಟರೆ ಉಟ್ಟವನ ಚಳಿ ನೀಗುವುದು. ವರವನ್ನು ಕೊಂಡವನು ಕೊಟ್ಟವನ ಮೇಲೆಯೇ ಎರಗಿದ ಕಥೆಯನ್ನು ಭಸ್ಮಾಸುರನ ಪ್ರಸಂಗದಲ್ಲಿ ಎಲ್ಲರೂ ಕೇಳಿರುವೆವು. ಆದರೆ ಕೊಟ್ಟ ವಸ್ತುವೇ ಎದ್ದು ಕೊಂಡವನ ಮೇಲೆ ಬಿದ್ದ ಕಥೆಯನ್ನು ನಾನು ಯಾವ ಪುರಾಣದಲ್ಲಿಯೂ ಕೇಳಿರಲಿಲ್ಲ. ಅದನ್ನು ಕಂಡದ್ದು ನಮ್ಮ ಮನೆಯಲ್ಲಿಯೇ. ಕೊಟ್ಟವಳು ನಾನು, ಕೊಂಡವನು ನನ್ನ ತಮ್ಮ.

2021ನೆಯ ಇಸವಿಯಲ್ಲಿ ತಮ್ಮನಿಗೆ ರಕ್ತದ ಕ್ಯಾನ್ಸರ್ ಎಂದು ವೈದ್ಯರು ನಿರ್ಣಯಿಸಿದರು. ಔಷಧಗಳಿಂದ ರೋಗವೇನೋ ತಗ್ಗಿತು. ಮರಳಿ ಬರುವ ಭಯವು ಮಾತ್ರ ಹೆಚ್ಚಾಗಿದ್ದುದರಿಂದ ಅಸ್ಥಿಮಜ್ಜೆಯ ಕಸಿಯೊಂದೇ ದಾರಿಯೆಂದರು. ಎಲುಬುಗಳೊಳಗಣ ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಮೂಲಕೋಶಗಳಿರುವುವು. ಇವನ್ನು ಸ್ಟೆಮ್ ಸೆಲ್ ಎಂದು ವೈದ್ಯರು ಕರೆಯುವರು, ಕನ್ನಡದಲ್ಲಿ ಆಕರಕೋಶಗಳೆನ್ನಬಹುದು. ರೋಗಿಯ ಕೆಟ್ಟ ಮಜ್ಜೆಯನ್ನು ತೀಕ್ಷ್ಣವಾದ ಔಷಧಗಳಿಂದ ಸುಟ್ಟು ಬರಿದುಮಾಡಿ, ಆ ಜಾಗದಲ್ಲಿ ಆರೋಗ್ಯವಂತರೊಬ್ಬರ ಆಕರಕೋಶಗಳನ್ನು ಬಿತ್ತುವುದೇ ಈ ಚಿಕಿತ್ಸೆಯ ಸಾರ. ಅಮೆರಿಕದ ಡೊನಾಲ್ ಥಾಮಸ್ ಎಂಬ ವೈದ್ಯರು 1957ರಲ್ಲಿ ಇದರ ಮೊದಲ ಪ್ರಯತ್ನಗಳನ್ನು ಲೋಕಕ್ಕೆ ತಿಳಿಸಿದರು; 1990ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿಯೂ, ವೆಲ್ಲೂರಿನಲ್ಲಿ 1986ರಲ್ಲಿಯೂ ಈ ಕಾರ್ಯವು ಮೊದಲಾಯಿತು.

ಯಾರ ಕೋಶಗಳಾದರೂ ಒಗ್ಗುವುದಿಲ್ಲ. ಪ್ರತಿಯೊಬ್ಬರ ಕೋಶಗಳ ಮೇಲೂ ಎಚ್‌ಎಲ್‌ಎ ಎಂಬ ಮನೆತನದ ಮುದ್ರೆಯೊಂದಿರುವುದು. ಅದರಲ್ಲಿ ಅರ್ಧವು ತಂದೆಯಿಂದಲೂ ಅರ್ಧವು ತಾಯಿಯಿಂದಲೂ ಬರುವುದರಿಂದ, ಒಡಹುಟ್ಟಿದ ಇಬ್ಬರಲ್ಲಿ ಅದು ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದು. ನಾವು ಮೂವರು ಒಡಹುಟ್ಟಿದವರು, ಹೊಂದಿದುದು ನನ್ನದು. ಐದು ದಿನ ಸೂಜಿಮದ್ದು ಕೊಟ್ಟರು. ಸೊಂಟದ ಎಲುಬುಗಳು ಹೆರಿಗೆಯ ಮರುದಿನದಂತೆ ನೊಂದುವು. ಬಳಿಕ ಒಂದು ತೋಳಿನಿಂದ ರಕ್ತವನ್ನು ಯಂತ್ರಕ್ಕೆ ಹರಿಸಿ, ಆಕರಕೋಶಗಳನ್ನು ಬೇರ್ಪಡಿಸಿಕೊಂಡು, ಉಳಿದುದನ್ನು ಇನ್ನೊಂದು ತೋಳಿಗೆ ಮರಳಿಸಿದರು. ಕೆಲವು ಗಂಟೆಗಳ ಕೆಲಸ. ಸಂಜೆ ಆ ಚೀಲವು ತಮ್ಮನ ಹಾಸಿಗೆಯ ಬಳಿ ತೂಗುತ್ತಿದ್ದಿತು.

ಹದಿನೇಳನೆಯ ದಿನ ನನ್ನ ಕೋಶಗಳು ಅವನಲ್ಲಿ ಬೇರೂರಿದುವೆಂದು ತಿಳಿಯಿತು. ಅವನದು ‘ಬಿ’ ಗುಂಪಿನ ರಕ್ತ, ನನ್ನದು ‘ಓ’. ಬರಬರುತ್ತ ಅವನದೂ ‘ಓ’ ಆಗುವುದೆಂದೂ, ಅವನ ರಕ್ತದ ಕೋಶಗಳನ್ನು ಪರೀಕ್ಷಿಸಿದರೆ ಹೆಂಗಸಿನವೆಂದೇ ತೋರುವುವೆಂದೂ ವೈದ್ಯರು ಹೇಳಿದರು. ತಮ್ಮನು ನಕ್ಕು, “ಅಕ್ಕ, ಇನ್ನು ಮೇಲೆ ಗೌರಿಹಬ್ಬಕ್ಕೆ ನೀನೇ ನನಗೆ ಬಾಗಿನ ಕಳುಹಿಸಬೇಕು” ಎಂದನು. ತಿಂಗಳುಗಳ ಬಳಿಕ ಆ ಕೋಣೆಯಲ್ಲಿ ನಗೆಯು ಕೇಳಿಸಿತು.

ಆ ನಗೆಯು ಎರಡು ವಾರ ಬಾಳಿತು. ಮೊದಲು ಅಂಗೈ ಅಂಗಾಲುಗಳು ಬೆಂದಂತೆ ಕೆಂಪಾದುವು. ಬೆನ್ನಿನ ಮೇಲೆಲ್ಲ ದದ್ದು ಎದ್ದಿತು. ಅನಂತರ ನಿಲ್ಲದ ಭೇದಿ. ಕಡೆಗೆ ಕಣ್ಣುಗಳು ಅರಿಸಿನವಾದುವು. ನಂಜು ಹತ್ತಿತೆಂದು ನಾವು ಬಗೆದೆವು. ವೈದ್ಯರು ನಮ್ಮನ್ನು ಕುಳ್ಳಿರಿಸಿಕೊಂಡು, ಇದು ಹೊರಗಿನಿಂದ ಬಂದ ಶತ್ರುವಲ್ಲವೆಂದೂ, ಆಕರಕೋಶಗಳ ಜೊತೆಯಲ್ಲಿ ಹೋದ ನನ್ನ ಕಾವಲು ಕೋಶಗಳು ತಮ್ಮನ ದೇಹವನ್ನೇ ಪರಕೀಯವೆಂದೆಣಿಸಿ ಹೋರಾಡುತ್ತಿರುವುವೆಂದೂ ತಿಳಿಸಿದರು. ಆಗ ತಮ್ಮನ ಹೆಂಡತಿಯು ನನ್ನ ಕಡೆ ತಿರುಗಿ, “ಅತ್ತಿಗೆ, ನಿಮ್ಮ ರಕ್ತಕ್ಕೆ ನಿಮ್ಮ ತಮ್ಮನ ಗುರುತು ಸಿಗಲಿಲ್ಲವೇ?” ಎಂದಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ, ದುಃಖವಿದ್ದಿತು. ಆದರೂ ಆ ಪ್ರಶ್ನೆಯು ನನ್ನನ್ನು ಅನೇಕ ರಾತ್ರಿ ಮಲಗಗೊಡಲಿಲ್ಲ. ಅದಕ್ಕೆ ಉತ್ತರವನ್ನು ಹುಡುಕಹೊರಟವಳಿಗೆ ತಿಳಿದುಬಂದುದನ್ನೇ ಇಲ್ಲಿ ವಾಚಕರ ಮುಂದಿಡುತ್ತಿರುವೆನು.

ನಾವು ಒಂದು ಮೂತ್ರಪಿಂಡವನ್ನು ಕಸಿಮಾಡಿದರೆ ದೇಹವು ಅದನ್ನು ತಿರಸ್ಕರಿಸಬಹುದೆಂದು ಹೆದರುವೆವು. ಮಜ್ಜೆಯ ಕಸಿಯಲ್ಲಿ ಆ ಭಯದೊಡನೆ ಇನ್ನೊಂದು ಭಯವುಂಟು. ಕಸಿಯೇ ದೇಹವನ್ನು ತಿರಸ್ಕರಿಸಬಹುದು. ಮಾವಿನ ಕೊಂಬೆಯ ಮೇಲೆ ಬೆಳೆದ ಬಂದಣಿಕೆಯು ಮರವನ್ನೇ ಹೀರುವಂತೆ ಎನ್ನೋಣವೆಂದರೆ ಬಂದಣಿಕೆಯನ್ನು ಯಾರೂ ಪ್ರೀತಿಯಿಂದ ನೆಟ್ಟವರಲ್ಲ. ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಎಂಬ ವಿಜ್ಞಾನಿಯು 1966ರಲ್ಲಿ ಈ ರೋಗಕ್ಕೆ ಮೂರು ಕಾರಣಗಳು ಕೂಡಬೇಕೆಂದು ಹೇಳಿದನು. ಕಸಿಯಲ್ಲಿ ಹೋರಾಡಬಲ್ಲ ಕೋಶಗಳಿರಬೇಕು. ರೋಗಿಯ ದೇಹದಲ್ಲಿ ಆ ಕೋಶಗಳಿಗೆ ಅಪರಿಚಿತವಾದ ಗುರುತುಗಳಿರಬೇಕು. ಆ ಕೋಶಗಳನ್ನು ಎದುರಿಸಿ ಹೊರದೂಡುವ ಶಕ್ತಿಯು ರೋಗಿಗೆ ಇರಬಾರದು. ಮಜ್ಜೆಯನ್ನು ಸುಟ್ಟು ಬರಿದುಮಾಡಿದ ಮನುಷ್ಯನಲ್ಲಿ ಈ ಮೂರೂ ಒಟ್ಟಿಗೆ ಕೂಡುವುದು ಸಹಜ.

ಹಾಗಾದರೆ ದೊಡ್ಡ ಮುದ್ರೆಯು ಪೂರ್ಣವಾಗಿ ಹೊಂದಿದ್ದರೂ ಅಪರಿಚಿತವಾದುದು ಯಾವುದು? ಸಣ್ಣ ಗುರುತುಗಳು ಇನ್ನೂ ಅನೇಕ ಇರುವುವಂತೆ. ಗಂಡಸಿನ ವೈ ಕ್ರೋಮೊಸೋಮಿನಿಂದ ಹುಟ್ಟುವ ಕೆಲವು ಪದಾರ್ಥಗಳು ಹೆಂಗಸಿನ ದೇಹದಲ್ಲಿ ಇರುವುದೇ ಇಲ್ಲ. ಆದುದರಿಂದ ಅವಳ ಕಾವಲುಗಾರರಿಗೆ ಅವು ಹೊಸವು. ಮಕ್ಕಳನ್ನು ಹೆತ್ತ ಹೆಂಗಸಿನ ಕೋಶಗಳಿಗೆ ಬಸಿರಿನ ಕಾಲದ ನೆನಪು ಬೇರೆ ಇರುವುದು. ಅಂಥವಳು ಗಂಡಸಿಗೆ ಮಜ್ಜೆ ಕೊಟ್ಟಾಗ ಈ ಕಾದಾಟದ ಸಂಭವವು ಸ್ವಲ್ಪ ಹೆಚ್ಚೆಂದು ವೈದ್ಯರು ಬಲ್ಲರು. ನನಗೆ ಇಬ್ಬರು ಗಂಡುಮಕ್ಕಳು. ಇದೆಲ್ಲವನ್ನೂ ತೂಗಿನೋಡಿಯೇ, ಬೇರೆ ಹೊಂದಿಕೆಯಿಲ್ಲದುದರಿಂದ, ವೈದ್ಯರು ನನ್ನನ್ನು ಆರಿಸಿದ್ದರು.

“ಆ ಕಾವಲು ಕೋಶಗಳನ್ನು ಮೊದಲೇ ಜರಡಿಹಿಡಿದು ತೆಗೆಯಬಾರದಾಗಿತ್ತೇ?” ಎಂದು ಕೇಳಿದೆನು. ತೆಗೆಯಬಹುದು, ಬೇರೆಡೆಗಳಲ್ಲಿ ತೆಗೆದು ನೋಡಿಯೂ ಇರುವರು. ಹಾಗೆ ತೆಗೆದಾಗ ಕಾದಾಟವು ತಗ್ಗಿತು, ಕ್ಯಾನ್ಸರು ಮರಳುವುದು ಹೆಚ್ಚಿತು. ಏಕೆಂದರೆ ಔಷಧಕ್ಕೆ ತಪ್ಪಿಸಿಕೊಂಡು ಮೂಲೆಯಲ್ಲಿ ಅಡಗಿದ ಕ್ಯಾನ್ಸರಿನ ಕೋಶಗಳನ್ನು ಹುಡುಕಿ ಕೊಲ್ಲುವವರೂ ಅದೇ ಕಾವಲುಗಾರರೇ. ತದ್ರೂಪಿ ಅವಳಿಜವಳಿಗಳು ತಮ್ಮೊಳಗೆ ಮಜ್ಜೆಯನ್ನು ಕೊಟ್ಟುಕೊಂಡರೆ ಕಾದಾಟವು ಇಲ್ಲವೆಂಬಷ್ಟು ಕಡಮೆ. ರೋಗವು ಮರಳುವುದು ಮಾತ್ರ ಹೆಚ್ಚು. ಆದುದರಿಂದ ಈ ಮುನಿಸನ್ನು ಬೇರುಸಹಿತ ಕೀಳುವಂತೆಯೂ ಇಲ್ಲ, ಹಾಗೆಯೇ ಬಿಡುವಂತೆಯೂ ಇಲ್ಲ, ಹದಗೊಳಿಸಬೇಕು. ಒಲೆಯ ಬೆಂಕಿಯನ್ನು ಬಲ್ಲ ಗೃಹಿಣಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹದಗೊಳಿಸಲು ಮೊದಲು ಕೊಡುವ ಮದ್ದು ಸ್ಟೀರಾಯ್ಡ್. ಸುಮಾರು ಅರ್ಧದಷ್ಟು ಮಂದಿಗೆ ಅದರಿಂದ ಗುಣವಾಗುವುದು. ಉಳಿದವರ ಪಾಡು ಕಠಿನ. ತಮ್ಮನು ಉಳಿದವರ ಸಾಲಿಗೆ ಸೇರಿದನು.

ಇಲ್ಲಿ ಸ್ವೀಡನ್ ದೇಶದ ಒಬ್ಬ ತಾಯಿಯ ಸಂಗತಿಯನ್ನು ಹೇಳಬೇಕು. ಸ್ಟಾಕ್‌ಹೋಮಿನಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಮಜ್ಜೆಯ ಕಸಿಯಾಗಿ, ಇದೇ ರೋಗವು ಕರುಳಿನಲ್ಲಿಯೂ ಯಕೃತ್ತಿನಲ್ಲಿಯೂ ಅತ್ಯಂತ ಉಗ್ರವಾಗಿ ತೋರಿಕೊಂಡಿತು. ಯಾವ ಔಷಧಕ್ಕೂ ಬಗ್ಗಲಿಲ್ಲ. ಆಗ ಕ್ಯಾಟರೀನಾ ಲ ಬ್ಲಾಂಕ್ ಎಂಬ ವೈದ್ಯೆಯೂ ಆಕೆಯ ಸಂಗಡಿಗರೂ ಬಾಲಕನ ತಾಯಿಯ ಮಜ್ಜೆಯಿಂದ ಬೇರೊಂದು ಬಗೆಯ ಆಕರಕೋಶಗಳನ್ನು ತೆಗೆದು, ಪಾತ್ರೆಗಳಲ್ಲಿ ಬೆಳೆಸಿ ಬಾಲಕನ ನಾಳಕ್ಕೆ ಹರಿಸಿದರು. ಬಾಲಕನು ಆಶ್ಚರ್ಯಕರವಾಗಿ ಚೇತರಿಸಿಕೊಂಡನು. ಈ ವೃತ್ತಾಂತವು 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ತಾಯಿಯ ಮುದ್ರೆಯು ಮಗನೊಡನೆ ಅರ್ಧವೇ ಹೊಂದಿದುದಾಗಿದ್ದರೂ ಆ ಕೋಶಗಳು ಜಗಳಕ್ಕೆ ನಿಲ್ಲಲಿಲ್ಲ, ಜಗಳವನ್ನು ನಿಲ್ಲಿಸಿದುವು.

ಈ ಕೋಶಗಳು ರಕ್ತವನ್ನು ಹುಟ್ಟಿಸುವಂಥವಲ್ಲ. ಮಜ್ಜೆಯಲ್ಲಿ ರಕ್ತಕೋಶಗಳಿಗೆ ತೊಟ್ಟಿಲಿನಂತೆ ಆಸರೆಯಾಗಿದ್ದು, ಎಲುಬನ್ನೂ ಕೊಬ್ಬನ್ನೂ ಮೃದ್ವಸ್ಥಿಯನ್ನೂ ಕಟ್ಟಬಲ್ಲವು. ರಷ್ಯದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮೊದಲು ಇವನ್ನು ಪಾತ್ರೆಯಲ್ಲಿ ಬೆಳೆಸಿ ಗುರುತಿಸಿದನು. ಅಮೆರಿಕದ ಅರ್ನಾಲ್ಡ್ ಕ್ಯಾಪ್ಲನ್ 1991ರಲ್ಲಿ ಮೀಸೆಂಕೈಮಲ್ ಆಕರಕೋಶಗಳೆಂಬ ಹೆಸರನ್ನು ರೂಢಿಗೆ ತಂದನು. ಅದೇ ಕ್ಯಾಪ್ಲನ್ 2017ರಲ್ಲಿ, ಇವು ಹೊಸ ಅಂಗವನ್ನು ಕಟ್ಟಿ ಉಪಕರಿಸುವುದಿಲ್ಲ, ಔಷಧದಂಥ ಸಂಕೇತಗಳನ್ನು ಸೂಸಿ ಉಪಕರಿಸುವುವು. ಆದುದರಿಂದ ಹೆಸರನ್ನೇ ಬದಲಾಯಿಸಬೇಕೆಂದು ವಾದಿಸಿದನು.

ಇವು ಕೆಲಸಮಾಡುವ ಕ್ರಮವು ವಿಚಿತ್ರವಾದುದು. ನಾಳದಲ್ಲಿ ಹರಿಸಿದ ಕೋಶಗಳಲ್ಲಿ ಹೆಚ್ಚಿನವು ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಕೆಲವು ದಿನಗಳೊಳಗೆ ಇಲ್ಲವಾಗುವುವು. ಇದ್ದಷ್ಟು ಹೊತ್ತು ಅವು ಸೂಸುವ ರಸಗಳು ಕೆರಳಿದ ಕಾವಲು ಕೋಶಗಳ ವೃದ್ಧಿಯನ್ನು ತಡೆಯುವುವು. 2017ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿದಂತೆ, ಕೆರಳಿದ ಕಾವಲುಗಾರರು ಈ ಕೋಶಗಳನ್ನೇ ಕೊಲ್ಲುವರು. ಸತ್ತ ಕೋಶಗಳನ್ನು ನುಂಗಿದ ದೇಹದ ಜಾಡಮಾಲಿ ಕೋಶಗಳು ಶಾಂತಿಯನ್ನು ತರುವ ರಸವನ್ನು ಸ್ರವಿಸುವುವು. ಜಗಳದ ನಡುವೆ ಬಿದ್ದ ಮುದುಕಿಯು ಪೆಟ್ಟು ತಿಂದಮೇಲೆಯೇ ಹೊಡೆದಾಡುವವರ ಕೈ ಇಳಿಯುವುದನ್ನು ನಮ್ಮ ಹಳ್ಳಿಗಳಲ್ಲಿ ಕಂಡವರುಂಟು.

ಮುಂದೆ 2008ರಲ್ಲಿ ಯುರೋಪಿನ ವೈದ್ಯರು ಸ್ಟೀರಾಯ್ಡಿಗೆ ಬಗ್ಗದ 55 ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರಲ್ಲಿ 30 ಮಂದಿಯಲ್ಲಿ ರೋಗದ ಲಕ್ಷಣಗಳು ಪೂರ್ಣವಾಗಿ ಇಳಿದುವು. 9 ಮಂದಿಗೆ ಸ್ವಲ್ಪ ಮೇಲಾಯಿತು. ಬಹುಪಾಲು ಕೋಶಗಳು ಸಂಬಂಧವಿಲ್ಲದ, ಮುದ್ರೆ ಹೊಂದದ ದಾನಿಗಳವು. ಆದರೆ ಈ ಲೆಕ್ಕವನ್ನು ಕಡೆಯವರೆಗೂ ಓದಬೇಕು. ಪೂರ್ಣ ಗುಣ ಕಂಡ ಆ 30 ಮಂದಿಯಲ್ಲಿ ಎರಡು ವರ್ಷಗಳ ತರುವಾಯ ಬದುಕಿದ್ದವರು 16. ಅಲ್ಲದೆ ಈ ಚಿಕಿತ್ಸೆಯನ್ನು ಪಡೆಯದವರ ಗುಂಪೊಂದನ್ನು ಇಟ್ಟು ಹೋಲಿಸಿರಲಿಲ್ಲ. ಅಮೆರಿಕದ ಕಂಪೆನಿಯೊಂದು ಹಾಗೆ ಹೋಲಿಸಿ ನಡೆಸಿದ ದೊಡ್ಡ ಪರೀಕ್ಷೆಗಳು 2009ರಲ್ಲಿ ಬಯಸಿದ ಫಲವನ್ನು ತೋರಿಸಲಿಲ್ಲ. ಮಕ್ಕಳಲ್ಲಿ ಮಾತ್ರ ಆಶೆಯು ಉಳಿಯಿತು. ಕೆನಡಾ ದೇಶವು 2012ರಲ್ಲಿ ಮಕ್ಕಳಿಗಾಗಿ ಒಪ್ಪಿಗೆಯಿತ್ತಿತು. ಜಪಾನು 2015ರಲ್ಲಿ ಇಂಥದೇ ಮದ್ದನ್ನು ಒಪ್ಪಿತು. ಅಮೆರಿಕದ ಸರಕಾರವು ಎರಡು ಬಾರಿ ಹಿಂದಕ್ಕೆ ಕಳುಹಿಸಿ, 2024ರ ಡಿಸೆಂಬರಿನಲ್ಲಿ, ಎರಡು ತಿಂಗಳು ತುಂಬಿದ ಶಿಶುಗಳೂ ಸೇರಿದಂತೆ ಮಕ್ಕಳಿಗೆ ಮಾತ್ರವೆಂದು ಅನುಮತಿ ನೀಡಿತು. ಆಧಾರವಾದುದು 54 ಮಕ್ಕಳ ಪರೀಕ್ಷೆ. 28ನೆಯ ದಿನಕ್ಕೆ ನೂರಕ್ಕೆ 70ರಷ್ಟು ಮಕ್ಕಳಲ್ಲಿ ಗುಣವು ಕಂಡಿತ್ತು. ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ 20 ಲಕ್ಷ ಕೋಶಗಳಂತೆ, ವಾರಕ್ಕೆ ಎರಡು ಬಾರಿ, ನಾಲ್ಕು ವಾರ ಕೊಡುವುದು ಅದರ ಕ್ರಮ.

ತಮ್ಮನಿಗೆ ರೋಗವು ಉಲ್ಬಣಿಸಿದ್ದ ದಿನಗಳಲ್ಲಿ ಸಂಬಂಧಿಕರೊಬ್ಬರು ಒಂದು ಚಿಕಿತ್ಸಾಲಯದ ಕರಪತ್ರವನ್ನು ತಂದರು. ಮಂಡಿನೋವು, ಬೋಳುತಲೆ, ಮಕ್ಕಳ ಬುದ್ಧಿಮಾಂದ್ಯ, ಸಕ್ಕರೆರೋಗ ಎಲ್ಲಕ್ಕೂ ಸ್ಟೆಮ್ ಸೆಲ್ ರಾಮಬಾಣವೆಂದು ಅದರಲ್ಲಿದ್ದಿತು. ತಮ್ಮನ ಹೆಂಡತಿಯು ಬಳೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ವೈದ್ಯರು ಕರಪತ್ರವನ್ನು ಓದಿ, “ಅಮ್ಮಾ, ಈ ಕೋಶಗಳಿಂದ ಕೆಲವರಿಗೆ ಉಪಕಾರವಾಗಿರುವುದು ನಿಜ. ಆದರೆ ಯಾರ ಕೋಶ, ಎಲ್ಲಿ ಬೆಳೆಸಿದುದು, ನಂಜಿಲ್ಲವೆಂದು ಪರೀಕ್ಷಿಸಿದವರು ಯಾರು ಎಂಬುದು ಇದರಲ್ಲಿಲ್ಲ. ಬಳೆಗಳನ್ನು ತೊಟ್ಟುಕೊಳ್ಳಿ” ಎಂದರು. ರಕ್ತಸಂಬಂಧವಾದ ಮುಂತಾದ ಗೊತ್ತಾದ ರೋಗಗಳಿಗೆ ರಕ್ತದ ಆಕರಕೋಶಗಳ ಕಸಿಯೊಂದನ್ನುಳಿದು ಮಿಕ್ಕುದೆಲ್ಲವೂ ಪ್ರಯೋಗದ ಅವಸ್ಥೆಯಲ್ಲಿರುವುದೆಂದು ನಮ್ಮ ದೇಶದ 2017ರ ಮಾರ್ಗಸೂಚಿಯು ಹೇಳಿದ್ದಿತು. ಆ ಬಳಿಕ ಕ್ರಮವಾಗಿ ಪರೀಕ್ಷೆಗೊಳಗಾಗಿ ಒಪ್ಪಿಗೆ ಪಡೆದುದೂ ಉಂಟು. ನಮ್ಮ ಬೆಂಗಳೂರಿನಲ್ಲಿಯೇ ತಯಾರಾದ ಇಂಥ ಕೋಶಗಳ ಮದ್ದೊಂದು ಕಾಲಿನ ರಕ್ತನಾಳಗಳು ಕಟ್ಟಿಹೋಗುವ ಬರ್ಗರ್ ರೋಗಕ್ಕೆ ಸರಕಾರದ ಸಮ್ಮತಿಯನ್ನು ಪಡೆದಿರುವುದು. ಒಪ್ಪಿಗೆಯ ಹಾದಿ ಅದು; ಕರಪತ್ರದ ಹಾದಿ ಬೇರೆ.

ತಮ್ಮನಿಗೆ ಆ ಕೋಶಗಳು ದೊರೆಯಲಿಲ್ಲ. ರುಕ್ಸೊಲಿಟಿನಿಬ್ ಎಂಬ ಗುಳಿಗೆಯನ್ನು ವೈದ್ಯರು ಆರಂಭಿಸಿದರು; ಅಮೆರಿಕದಲ್ಲಿ 2019ರಿಂದ ಈ ರೋಗಕ್ಕೆ ಒಪ್ಪಿಗೆಯಾದುದು. ಮೂರನೆಯ ವಾರದಲ್ಲಿ ಭೇದಿಯು ನಿಂತಿತು. ಕಣ್ಣಿನ ಹಳದಿಯು ಮೆಲ್ಲಮೆಲ್ಲನೆ ಇಳಿಯಿತು. ಈಗ ಅವನು ಕೆಲಸಕ್ಕೆ ಹೋಗುತ್ತಿರುವನು. ಕಣ್ಣುಗಳಲ್ಲಿ ನೀರು ಆರಿರುವುದರಿಂದ ಗಂಟೆಗೊಮ್ಮೆ ಹನಿಮದ್ದು ಹಾಕಿಕೊಳ್ಳುವನು. ಬಾಯಿ ಒಣಗುವುದರಿಂದ ಖಾರದ ಸಾರು ಒಲ್ಲ, ಮಜ್ಜಿಗೆಯನ್ನವೇ ಸಾಕು. ಕ್ಯಾನ್ಸರು ಮರಳಿಲ್ಲ. ಅವನನ್ನು ಬಾಧಿಸಿದ ಆ ಕಾವಲುಗಾರರೇ ಅವನನ್ನು ಕಾದಿರಲೂಬಹುದೆಂದು ವೈದ್ಯರ ಅಭಿಪ್ರಾಯ.

ನಾದಿನಿಯಾಗಿ ಬಂದು ಮಗಳಂತಾದವಳ ಆ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರವಿಷ್ಟೇ: ರಕ್ತಕ್ಕೆ ಪ್ರೀತಿಯೂ ತಿಳಿಯದು, ದ್ವೇಷವೂ ತಿಳಿಯದು, ತಾನು ಕಂಡ ಗುರುತು, ಕಾಣದ ಗುರುತು, ಇವೆರಡನ್ನೇ ಅದು ಬಲ್ಲದು. ಮಜ್ಜೆಯನ್ನು ಕೊಟ್ಟ ಬಳಿಕ ಹಾಸಿಗೆಯಲ್ಲಿ ಒದ್ದಾಡುವ ಒಡಹುಟ್ಟಿದವರನ್ನು ಕಂಡು, ಇದು ನನ್ನಿಂದಾಯಿತೆಂದು ಕೊರಗುವ ಅಕ್ಕತಂಗಿಯರು, ಅಣ್ಣತಮ್ಮಂದಿರು ಎಷ್ಟೋ ಮನೆಗಳಲ್ಲಿರಬೇಕು. ಅವರು ಕೊರಗುವುದನ್ನು ಬಿಟ್ಟು ವೈದ್ಯರನ್ನು ಹೀಗೆ ಕೇಳಲಿ: ಸ್ಟೀರಾಯ್ಡಿಗೆ ಬಗ್ಗದಿದ್ದರೆ ಮುಂದಿನ ಮದ್ದು ಯಾವುದು? ಆಕರಕೋಶಗಳನ್ನು ಕೊಡುವುದಾದರೆ ಯಾವ ಒಪ್ಪಿಗೆಯ ಮೇಲೆ, ಯಾವ ಪರೀಕ್ಷೆಯ ಅಂಗವಾಗಿ? ಪರೀಕ್ಷೆಯಾದರೆ ರೋಗಿಯಿಂದ ಹಣವನ್ನೇಕೆ ಕೇಳುವರು? ಇದಕ್ಕೆ ನೇರವಾದ ಉತ್ತರ ಬರುವ ಆಸ್ಪತ್ರೆಯಲ್ಲಿ ಧೈರ್ಯವಾಗಿರಬಹುದು. ಬಾರದ ಕಡೆಯಿಂದ ಬಳೆಗಳನ್ನು ತೊಟ್ಟುಕೊಂಡೇ ಎದ್ದುಬರುವುದು ಲೇಸು.